ಮೂರು ಕಾರ್ಡುಗಳ ಬೆಲೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟದ ಹೊಸ ಸೆಟ್, ಅಂದರೆ ಕಾರ್ಡುಗಳ ಹೊಸ ಕಂತು, ಬರುವುದಕ್ಕೆ ಮುಂಚಿನ ವಾರಗಳಲ್ಲಿ ಆಟಗಾರರೆಲ್ಲರೂ ಸ್ವಲ್ಪ ಕಾಲ ವಿನ್ಯಾಸಕಾರರಾಗಿಬಿಡುತ್ತಾರೆ. ಹಳೆಯ ಯಾವ ಕೀವರ್ಡ್ (ಒಂದು ನಿಯಮಕ್ಕಿಟ್ಟ ಹೆಸರು) ಮರಳಿ ಬರಬಹುದು, ಯಾವ ಪಾತ್ರ ಯಾವ ಬಣ್ಣದಲ್ಲಿ ಕಾಣಿಸಿಕೊಳ್ಳಬಹುದು, ಈ ಸಲದ ಡ್ರ್ಯಾಗನ್ ಎಷ್ಟು ದೊಡ್ಡದಿರಬಹುದು ಎಂದು ಊಹಿಸುವ ಆ ದಿನಗಳು ನನಗೆ ಆಟದಷ್ಟೇ ಇಷ್ಟ. ಆದರೆ ಈ ಊಹೆಗಳನ್ನು ವರ್ಷಗಳಿಂದ ಓದುತ್ತ ಬಂದಿರುವ ನನಗೆ ಅವುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಕಾರ್ಡು ಏನು ಮಾಡುತ್ತದೆ ಎಂಬುದನ್ನು ಎಲ್ಲರೂ ಉತ್ಸಾಹದಿಂದ ಬರೆಯುತ್ತಾರೆ. ಅದನ್ನು ಆಡುವವನು ಏನನ್ನು ಕಳೆದುಕೊಳ್ಳಬೇಕು ಎಂಬಲ್ಲಿಗೆ ಬಂದಾಗ ಒಂದು ಮನಾ ಸಂಖ್ಯೆಯನ್ನು (ಮನಾ ಎಂದರೆ ಮುಖ್ಯವಾಗಿ ಸರದಿಗೊಂದರಂತೆ ಹಾಕುವ ಲ್ಯಾಂಡ್ ಕಾರ್ಡುಗಳಿಂದ ಸಿಗುವ, ಉಳಿದ ಕಾರ್ಡುಗಳನ್ನು ಆಡಲು ತೆರುವ ಶಕ್ತಿ) ಬರೆದು ಕೈತೊಳೆದುಕೊಳ್ಳುತ್ತಾರೆ. ಒಳ್ಳೆಯ ಹೊಸ ಮೆಕ್ಯಾನಿಕ್ (ಹಲವು ಕಾರ್ಡುಗಳು ಹಂಚಿಕೊಳ್ಳುವ ಆಟದ ನಿಯಮ) ಎಂದರೆ ಬಹುಮಟ್ಟಿಗೆ ಒಂದು ಹೊಸ ಬಗೆಯ ಬೆಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಯಾವ ಮೆಕ್ಯಾನಿಕ್ ಬರಬಹುದು ಎಂಬ ನನ್ನ ಊಹೆಯೂ ಅಲ್ಲಿಂದಲೇ ಹುಟ್ಟಿದೆ.

ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ಮೊದಲ ಸೆಟ್ಟಿನಲ್ಲಿ ಬಣ್ಣಕ್ಕೊಂದರಂತೆ ಐದು ಕಾರ್ಡುಗಳಿದ್ದವು. ಐದಕ್ಕೂ ಒಂದೇ ಮನಾ ಸಾಕು, ಐದೂ ಯಾವುದಾದರೊಂದನ್ನು ಮೂರರ ಲೆಕ್ಕದಲ್ಲಿ ಕೊಡುತ್ತಿದ್ದವು. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಡ್ಯಾಮೇಜ್ ಮಾಡುತ್ತಿತ್ತು, ಬಿಳಿಯ ಹೀಲಿಂಗ್ ಸಾಲ್ವ್ ಮೂರು ಲೈಫ್ ಕೊಡುತ್ತಿತ್ತು, ಹಸಿರಿನ ಜೈಂಟ್ ಗ್ರೋತ್ ಒಂದು ಕ್ರೀಚರನ್ನು, ಅಂದರೆ ಕಾದಾಡುವ ಜೀವಿಯ ಕಾರ್ಡನ್ನು, ಆ ಸರದಿಯ ಮಟ್ಟಿಗೆ ಮೂರರಷ್ಟು ಬೆಳೆಸುತ್ತಿತ್ತು, ಕಪ್ಪಿನ ಡಾರ್ಕ್ ರಿಚುಅಲ್ ಮೂರು ಕಪ್ಪು ಮನಾ ಒದಗಿಸುತ್ತಿತ್ತು, ನೀಲಿಯ ಆನ್ಸೆಸ್ಟ್ರಲ್ ರೀಕಾಲ್ ಡೆಕ್ಕಿನಿಂದ ಮೂರು ಕಾರ್ಡು ಎತ್ತಿಕೊಳ್ಳಲು ಬಿಡುತ್ತಿತ್ತು. ಬರೆದಿಟ್ಟಾಗ ಸರಿಸಮವಾಗಿ ಕಾಣುವ ಈ ಐದು, ಆಟಕ್ಕಿಳಿದಾಗ ಒಂದಕ್ಕೊಂದು ಹತ್ತಿರವೂ ಇರಲಿಲ್ಲ. ಹೀಲಿಂಗ್ ಸಾಲ್ವ್ ಅನ್ನು ಇಂದು ಯಾರೂ ಡೆಕ್ಕಿಗೆ ಹಾಕುವುದಿಲ್ಲ. ಆನ್ಸೆಸ್ಟ್ರಲ್ ರೀಕಾಲ್ ಮಾತ್ರ ಲೆಗಸಿಯಲ್ಲಿ (ಯಾವ ಕಾರ್ಡು ಬಳಸಬಹುದೆಂದು ನಿಗದಿಪಡಿಸುವ ಆಟದ ಬಗೆಗಳಲ್ಲೊಂದು; ವಿಂಟೇಜ್, ಮಾಡರ್ನ್ ಕೂಡ ಅಂಥವೇ) ನಿಷಿದ್ಧವಾಗಿದೆ. ವಿಂಟೇಜ್‌ನಲ್ಲಿ ಒಂದು ಡೆಕ್ಕಿಗೆ ಒಂದೇ ಪ್ರತಿ ಎಂಬ ಮಿತಿಗೆ ಒಳಪಟ್ಟಿದೆ.

ಒಂದು ನೀಲಿ ಮನಾಕ್ಕೆ ಮೂರು ಕಾರ್ಡು ಎಂಬ ಈ ಆಸೆಯನ್ನು ವಿನ್ಯಾಸಕಾರರು ಬೇರೆ ಬೇರೆ ಬೆಲೆಗೆ ಮತ್ತೆ ಮತ್ತೆ ಮಾರಿದ್ದಾರೆ, ಮತ್ತು ಆ ಪ್ರಯತ್ನಗಳಲ್ಲಿ ಕಲಿಯುವುದಕ್ಕೆ ಬಹಳ ಇದೆ. 2006ರ ಟೈಮ್ ಸ್ಪೈರಲ್ ಸೆಟ್ಟಿನ ಆನ್ಸೆಸ್ಟ್ರಲ್ ವಿಷನ್ ಕಾರ್ಡಿಗೂ ಒಂದೇ ನೀಲಿ ಮನಾ, ಅದೂ ಮೂರೇ ಕಾರ್ಡು ಕೊಡುತ್ತದೆ. ಆದರೆ ಸಸ್ಪೆಂಡ್ ನಿಯಮದ ಪ್ರಕಾರ ಅದನ್ನು ನಾಲ್ಕು ಟೈಮ್ ಕೌಂಟರ್‌ಗಳೊಂದಿಗೆ ಪಕ್ಕಕ್ಕಿಟ್ಟು, ನಮ್ಮ ಪ್ರತಿ ಸರದಿಯ ಆರಂಭದಲ್ಲಿ ಒಂದೊಂದನ್ನೇ ತೆಗೆಯುತ್ತ ಕಾಯಬೇಕು. 2014ರ ಖಾನ್ಸ್ ಆಫ್ ತಾರ್ಕಿರ್ ಸೆಟ್ಟಿನ ಟ್ರೆಷರ್ ಕ್ರೂಸ್ ಎಂಟು ಮನಾದ ಕಾರ್ಡು, ಆದರೆ ಡೆಲ್ವ್ ಎಂಬ ನಿಯಮವಿರುವುದರಿಂದ ಗ್ರೇವ್‌ಯಾರ್ಡಿನಿಂದ (ಬಳಸಿ ಮುಗಿದ ಕಾರ್ಡುಗಳ ರಾಶಿ) ಹೊರಹಾಕುವ ಪ್ರತಿಯೊಂದು ಕಾರ್ಡೂ ಒಂದು ಮನಾಕ್ಕೆ ಸಮ. ಒಂದರಲ್ಲಿ ಕಾಲವನ್ನು ತೆರುತ್ತೇವೆ, ಇನ್ನೊಂದರಲ್ಲಿ ಗ್ರೇವ್‌ಯಾರ್ಡನ್ನು. ಎರಡನೆಯದು ನಾಲ್ಕೇ ತಿಂಗಳಲ್ಲಿ, 2015ರ ಜನವರಿಯಲ್ಲಿ, ಮಾಡರ್ನ್ ಮತ್ತು ಲೆಗಸಿ ಎರಡರಲ್ಲೂ ನಿಷೇಧಕ್ಕೊಳಗಾಯಿತು. ಮೊದಲನೆಯದನ್ನು 2011ರಲ್ಲಿ ಮಾಡರ್ನ್ ಆರಂಭವಾದಾಗಲೇ ಭಯದಿಂದ ನಿಷೇಧಿಸಿದ್ದರೂ 2016ರಲ್ಲಿ ಬಿಡುಗಡೆ ಮಾಡಿದರು.

ಈ ಎರಡು ಕಾರ್ಡುಗಳ ವಿಧಿ ಬೇರೆಯಾದದ್ದು ಏಕೆ ಎಂದು ಯೋಚಿಸಿದಾಗ ನನಗೆ ಹೊಳೆಯುವ ಉತ್ತರ ಇದು: ಹಳೆಯ ಕಾರ್ಡುಗಳ ದೊಡ್ಡ ಭಂಡಾರವಿರುವ ಆಟಗಳಲ್ಲಿ ಗ್ರೇವ್‌ಯಾರ್ಡ್ ತಾನಾಗಿಯೇ ತುಂಬುತ್ತದೆ. ಒಂದು ಮನಾದ ಸ್ಪೆಲ್‌ಗಳನ್ನು ಆಡುತ್ತ, ಬೇಕಾದ ಲ್ಯಾಂಡ್ ಹುಡುಕಿಕೊಳ್ಳಲು ತಮ್ಮನ್ನೇ ಬಲಿಗೊಡುವ ಲ್ಯಾಂಡ್‌ಗಳನ್ನು ಬಳಸುತ್ತ ಹೋದರೆ ಏಳು ಕಾರ್ಡು ಸೇರುವುದಕ್ಕೆ ಯಾವ ಶ್ರಮವೂ ಬೇಕಿಲ್ಲ, ಮತ್ತು ಅವು ಆಟಗಾರನಿಗೆ ಮತ್ತೆ ಬೇಕಾಗುವ ಕಾರ್ಡುಗಳೂ ಅಲ್ಲ. ಬೇಡದ ವಸ್ತುವನ್ನು ಕೊಟ್ಟು ಬೇಕಾದದ್ದನ್ನು ಪಡೆಯುವ ಅವಕಾಶವನ್ನು ವಿನ್ಯಾಸಕಾರರು ಬೆಲೆ ಎಂದು ಕರೆದಿದ್ದರು. ನಾಲ್ಕು ಸರದಿ ಕಾಯುವುದು ಹಾಗಲ್ಲ. ಆ ಅವಧಿಯಲ್ಲಿ ಎದುರಾಳಿ ಸುಮ್ಮನೆ ಕುಳಿತಿರುವುದಿಲ್ಲ.

2020ರ ಇಕೋರಿಯಾ ಸೆಟ್ಟಿನ ಕಂಪ್ಯಾನಿಯನ್ ಮೆಕ್ಯಾನಿಕ್ ಇದೇ ತಪ್ಪಿನ ಇನ್ನೂ ದೊಡ್ಡ ರೂಪ. ಡೆಕ್ ಕಟ್ಟುವಾಗ ಒಂದು ನಿಬಂಧನೆಯನ್ನು ಪಾಲಿಸಿದರೆ, ಒಂದು ಕ್ರೀಚರ್ ಆಟದ ಹೊರಗಿನಿಂದಲೇ ಸದಾ ಕೈಗೆ ಸಿಗುತ್ತಿತ್ತು. ಅಂಥ ಒಂದು ಕ್ರೀಚರ್ ಆದ ಲರ್ರಸ್‌ನ ನಿಬಂಧನೆಯ ಪ್ರಕಾರ ಡೆಕ್ಕಿನ ಪರ್ಮನೆಂಟ್ ಕಾರ್ಡುಗಳೆಲ್ಲ (ಆಡಿದ ಮೇಲೆ ಮೇಜಿನ ಮೇಲೆ ಉಳಿಯುವಂಥವು) ಎರಡು ಮನಾ ಅಥವಾ ಅದಕ್ಕಿಂತ ಕಡಿಮೆಯವು ಆಗಿರಬೇಕಿತ್ತು, ಆದರೆ ಹಳೆಯ ಕಾರ್ಡುಗಳಿರುವ ಆಟಗಳಲ್ಲಿ ಬಹಳಷ್ಟು ಡೆಕ್ಕುಗಳು ಆಗಲೇ ಹಾಗಿದ್ದವು. ವಿಂಟೇಜ್‌ನಲ್ಲಿ ಒಂದೇ ಪ್ರತಿ ಎಂಬ ಮಿತಿಯೂ ಲರ್ರಸ್ ಮೇಲೆ ಕೆಲಸ ಮಾಡುವಂತಿರಲಿಲ್ಲ, ಏಕೆಂದರೆ ಕಂಪ್ಯಾನಿಯನ್‌ಗೆ ಬೇಕಾದದ್ದೇ ಒಂದು ಪ್ರತಿ. ಹಾಗಾಗಿ ಅದನ್ನು ಪೂರ್ತಿಯಾಗಿ ನಿಷೇಧಿಸಬೇಕಾಯಿತು. ಕೊನೆಗೆ ಅದೇ ವರ್ಷದ ಜೂನ್‌ನಲ್ಲಿ ನಿಯಮವನ್ನೇ ಬದಲಿಸಿ, ಕಂಪ್ಯಾನಿಯನ್ ಅನ್ನು ಕೈಗೆ ತರಲು ಮೂರು ಮನಾ ತೆರಬೇಕೆಂದು ಮಾಡಿದರು. ಆಟ ಆರಂಭವಾಗುವ ಮೊದಲೇ ತೆತ್ತುಬಿಟ್ಟ ಬೆಲೆ ಆಟದ ಮೇಜಿನ ಮೇಲೆ ನೋಯಿಸುವುದಿಲ್ಲ ಎಂಬುದನ್ನು ಆ ಬದಲಾವಣೆಯೇ ಒಪ್ಪಿಕೊಂಡಂತಾಯಿತು.

ಆದ್ದರಿಂದ ಮುಂದಿನ ಒಳ್ಳೆಯ ಮೆಕ್ಯಾನಿಕ್ ಕಾಲವನ್ನೇ ಬೆಲೆಯಾಗಿ ತೆಗೆದುಕೊಳ್ಳುತ್ತದೆ ಎಂದು ನಾನು ಊಹಿಸುತ್ತೇನೆ. ಕಾಲದ ಮೆಕ್ಯಾನಿಕ್‌ಗಳು ಈಗಾಗಲೇ ಹಲವಿವೆ, ಇನ್ನೊಂದಕ್ಕೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಜಾಗ ಕಾಣುತ್ತದೆ. ಸಸ್ಪೆಂಡ್‌ನಲ್ಲಿ ಯಾವ ಕಾರ್ಡು, ಯಾವಾಗ ಬರುತ್ತದೆ ಎಂಬ ಎರಡೂ ಎದುರಾಳಿಗೆ ಗೊತ್ತಿರುತ್ತದೆ, ಮತ್ತು ಸಾಮಾನ್ಯವಾಗಿ ಆ ಗಡುವನ್ನು ಇಬ್ಬರೂ ಬದಲಿಸಲಾರರು. 2021ರ ಕಾಲ್ಡ್‌ಹೈಮ್ ಸೆಟ್ಟಿನ ಫೋರ್‌ಟೆಲ್‌ನಲ್ಲಿ ಎರಡು ಮನಾ ಕೊಟ್ಟು ಕಾರ್ಡನ್ನು ಕವುಚಿ ಇಡುತ್ತೇವೆ. ಅಲ್ಲಿ ಏನೋ ಇದೆ ಎಂಬುದಷ್ಟೇ ಎದುರಾಳಿಗೆ ಗೊತ್ತು, ಯಾವಾಗ ಆಡಬೇಕೆಂಬುದು ನಮ್ಮ ಕೈಯಲ್ಲಿದೆ. ಬಿಳಿ ಬಣ್ಣದವನು ಎರಡನೇ ಸರದಿಯಲ್ಲಿ ಹಾಗೆ ಒಂದು ಕಾರ್ಡು ಕವುಚಿಟ್ಟರೆ, ಅದು ಮೂರನೇ ಸರದಿಯಲ್ಲೇ ಎಲ್ಲ ಕ್ರೀಚರ್‌ಗಳನ್ನು ನಾಶ ಮಾಡುವ ಡೂಮ್‌ಸ್ಕಾರ್ ಇರಬಹುದೇ ಎಂಬ ಆತಂಕದಲ್ಲಿ ಎದುರಾಳಿ ಆಡಬೇಕಾಗುತ್ತದೆ. ಆ ಆತಂಕವನ್ನು ನಾನು ಬಹಳ ಮೆಚ್ಚುತ್ತೇನೆ. 2024ರ ಔಟ್‌ಲಾಸ್ ಆಫ್ ಥಂಡರ್ ಜಂಕ್ಷನ್ ತಂದ ಪ್ಲಾಟ್‌ನಲ್ಲಿ ಕಾರ್ಡು ಎಲ್ಲರಿಗೂ ಕಾಣುತ್ತದೆ, ಆದರೆ ಯಾವ ಸರದಿಯಲ್ಲಿ ಆಡುವುದೆಂದು ಇಟ್ಟವನೇ ನಿರ್ಧರಿಸುತ್ತಾನೆ. ಈ ಸಾಲಿನಲ್ಲಿ ಒಂದು ಮನೆ ಖಾಲಿ ಉಳಿದಿದೆ: ಯಾವಾಗ ಎಂಬುದನ್ನು ಎದುರಾಳಿ ನಿರ್ಧರಿಸುವ ಮೆಕ್ಯಾನಿಕ್.

ಎದುರಾಳಿಗೆ ಏನನ್ನಾದರೂ ಕೊಡುವುದೇ ಬೆಲೆಯಾಗಬಹುದು ಎಂಬುದಕ್ಕೆ ತಾಜಾ ನಿದರ್ಶನವೂ ಇದೆ. 2024ರ ಬ್ಲೂಮ್‌ಬರೋ ಸೆಟ್ಟಿನ ಗಿಫ್ಟ್ ಮೆಕ್ಯಾನಿಕ್‌ನಲ್ಲಿ ಎದುರಾಳಿಗೆ ಒಂದು ಕಾರ್ಡನ್ನೋ ಒಂದು ಪುಟ್ಟ ಮೀನಿನ ಟೋಕನನ್ನೋ (ಡೆಕ್ಕಿನ ಕಾರ್ಡಲ್ಲದ, ಆಟದ ನಡುವೆ ಹುಟ್ಟುವ ಗುರುತುಬಿಲ್ಲೆ) ಕೊಡುವುದಾಗಿ ಮಾತು ಕೊಟ್ಟರೆ ನಮ್ಮ ಸ್ಪೆಲ್ ಇನ್ನಷ್ಟು ಬಲವಾಗುತ್ತದೆ. ಗಿಫ್ಟ್ ಮತ್ತು ಕಾಲ ಎರಡೂ ಸೇರಿದರೆ ಏನಾಗುತ್ತದೆ ಎಂದು ಯೋಚಿಸುತ್ತ ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಮೆಕ್ಯಾನಿಕ್ ಬರೆದುಕೊಂಡೆ, ಅದಕ್ಕೆ ಋಣ ಎಂದು ಹೆಸರಿಟ್ಟೆ. ಋಣ 2 ಇರುವ ಕಾರ್ಡನ್ನು ಎರಡು ಮನಾ ಕಡಿಮೆ ತೆತ್ತು ಆಡಬಹುದು. ಹಾಗೆ ಮಾಡಿದರೆ ಎದುರಾಳಿಗೆ ಸಾಲಪತ್ರದ ಟೋಕನ್ ಸಿಗುತ್ತದೆ. ನಮ್ಮ ಯಾವುದೇ ಸರದಿಯ ಆರಂಭದಲ್ಲಿ ಅವನು ಆ ಪತ್ರವನ್ನು ಮುಂದಿಡಬಹುದು, ಆಗ ನಾವು ಎರಡು ಮನಾ ತೆರಬೇಕು, ಇಲ್ಲದಿದ್ದರೆ ಅವನು ಮೂರು ಕಾರ್ಡು ಎತ್ತಿಕೊಳ್ಳುತ್ತಾನೆ. ಮೊದಲ ಮಾದರಿಯಾಗಿ ಐದು ಮನಾಕ್ಕೆ ಮೂರು ಕಾರ್ಡು ಕೊಡುವ ಒಂದು ಕಪ್ಪು ಸ್ಪೆಲ್ ಮಾಡಿಕೊಂಡೆ. ಋಣ ಮಾಡಿದರೆ ಅದನ್ನು ಮೂರನೇ ಸರದಿಯಲ್ಲೇ ಆಡಬಹುದು.

ಇದನ್ನು ಕಾಗದದ ಚೀಟಿಗಳ ಮೇಲೆ ಬರೆದು ಗೆಳೆಯನೊಬ್ಬನೊಂದಿಗೆ ಹಲವು ಆಟ ಆಡಿದೆ. ನನ್ನ ಲೆಕ್ಕಾಚಾರ ಮೊದಲ ದಿನವೇ ತಲೆಕೆಳಗಾಯಿತು. ಎದುರಾಳಿ ಸರಿಯಾದ ಗಳಿಗೆಗಾಗಿ ಕಾಯುತ್ತಾನೆ, ನಾನು ಪ್ರತಿ ಸರದಿಯಲ್ಲೂ ಅಳುಕುತ್ತ ಆಡುತ್ತೇನೆ ಎಂದು ನಾನು ಎಣಿಸಿದ್ದೆ. ಗೆಳೆಯ ಮಾತ್ರ ಪ್ರತಿ ಸಲವೂ ಮರು ಸರದಿಯಲ್ಲೇ ಪತ್ರ ಮುಂದಿಟ್ಟ, ಅವನು ಮಾಡಿದ್ದು ಸರಿಯೂ ಆಗಿತ್ತು. ನಾಲ್ಕು ಲ್ಯಾಂಡ್ ಇರುವಾಗ ಎರಡು ಮನಾ ಕಳೆದುಕೊಳ್ಳುವುದು ಅರ್ಧ ಸರದಿಯನ್ನೇ ಕಳೆದುಕೊಂಡಂತೆ. ಎಂಟು ಲ್ಯಾಂಡ್ ಬಂದ ಮೇಲೆ ಅದು ಚಿಲ್ಲರೆ. ಕಾದಷ್ಟೂ ಪತ್ರದ ತೂಕ ಇಳಿಯುವುದರಿಂದ ಕಾಯುವುದಕ್ಕೆ ಯಾವ ಕಾರಣವೂ ಉಳಿದಿರಲಿಲ್ಲ. ಎದುರಾಳಿಗೆ ಆಯ್ಕೆ ಕೊಟ್ಟಿದ್ದೇನೆ ಎಂದುಕೊಂಡ ನಾನು ಕಡೆಗೆ ಮಾಡಿದ್ದು 1998ರ ಉರ್ಜಾಸ್ ಸಾಗಾದ ಎಕೋ ಮೆಕ್ಯಾನಿಕ್‌ನ ಇನ್ನೊಂದು ರೂಪವನ್ನು: ಅಲ್ಲಿ ಮುಂದಿನ ಸರದಿಯಲ್ಲಿ ಮತ್ತೊಮ್ಮೆ ಮನಾ ತೆರಬೇಕು, ಇಲ್ಲವಾದರೆ ಆ ಕಾರ್ಡು ಹೋಗುತ್ತದೆ.

ಆಮೇಲೆ ನಾನು ಬಡ್ಡಿ ಸೇರಿಸಿದೆ. ಪತ್ರ ವಸೂಲಾಗದೆ ಉಳಿದ ಪ್ರತಿ ಸರದಿಗೂ ಋಣ ಒಂದರಷ್ಟು ಬೆಳೆಯುತ್ತದೆ, ಸಾಲಗಾರ ಬಯಸಿದರೆ ತನ್ನ ಸರದಿಯಲ್ಲಿ ಅಂದಿನ ಮೊತ್ತವನ್ನು ತೆತ್ತು ಪತ್ರವನ್ನು ತಾನಾಗಿಯೇ ಹರಿಯಬಹುದು. ಇಷ್ಟು ಸಣ್ಣ ಬದಲಾವಣೆಯಿಂದ ಆಟದ ಚಹರೆಯೇ ಬದಲಾಯಿತು. ಲೆಕ್ಕ ನೋಡಿ: ನಾಲ್ಕನೇ ಸರದಿಯಲ್ಲಿ ನಾಲ್ಕು ಲ್ಯಾಂಡ್, ಋಣ ಎರಡು, ಐದನೆಯದರಲ್ಲಿ ಐದು ಲ್ಯಾಂಡ್, ಋಣ ಮೂರು, ಆರನೆಯದರಲ್ಲಿ ಆರು, ಋಣ ನಾಲ್ಕು. ತಪ್ಪದೆ ಲ್ಯಾಂಡ್ ಹಾಕುತ್ತ ಹೋದರೆ ಯಾವಾಗ ವಸೂಲಿಗೆ ಬಂದರೂ ನನ್ನ ಕೈಯಲ್ಲಿ ಎರಡು ಮನಾ ಉಳಿಯುತ್ತದೆ. ಒಂದು ಸರದಿಯಲ್ಲಿ ಲ್ಯಾಂಡ್ ಬರದಿದ್ದರೆ ಮಾತ್ರ ಋಣ ಕುತ್ತಿಗೆ ಹಿಡಿಯುತ್ತದೆ. ಹಾಗಾಗಿ ಗೆಳೆಯ ನನ್ನ ಕೈಯಲ್ಲಿ ಲ್ಯಾಂಡ್ ಇದೆಯೋ ಇಲ್ಲವೋ ಎಂದು ಅಳೆಯತೊಡಗಿದ, ನಾನು ಇರುವ ಲ್ಯಾಂಡನ್ನು ಹಾಕುವಾಗ ಎಷ್ಟು ಹೊತ್ತು ಯೋಚಿಸಿದೆ ಎಂಬುದನ್ನೂ ಗಮನಿಸತೊಡಗಿದ. ಒಂದು ಕಾಗದದ ಚೀಟಿ ಇಬ್ಬರನ್ನೂ ಅಷ್ಟು ಹತ್ತಿರದಿಂದ ಪರಸ್ಪರ ನೋಡುವಂತೆ ಮಾಡಿದ್ದನ್ನು ಕಂಡು ನನಗಾದ ಸಂತೋಷವನ್ನು ಹೇಳಲಾರೆ.

ಎದುರಾಳಿಗೆ ಆಯ್ಕೆ ಕೊಡುವ ಕಾರ್ಡುಗಳು ಯಾವಾಗಲೂ ದುರ್ಬಲ ಎಂಬ ಆಕ್ಷೇಪವಿದೆ, ಅದರಲ್ಲಿ ಸತ್ಯವೂ ಇದೆ. 2002ರ ಬ್ರೋಬೀಟ್ ಕೆಂಪಿನಲ್ಲಿ ಮೂರೇ ಮನಾಕ್ಕೆ ಮೂರು ಕಾರ್ಡು ಕೊಡುತ್ತದೆ, ಆದರೆ ಯಾರಾದರೂ ಐದು ಡ್ಯಾಮೇಜ್ ತಾವೇ ತೆಗೆದುಕೊಳ್ಳಲು ಒಪ್ಪಿದರೆ ಕಾರ್ಡುಗಳು ಸಿಗುವುದಿಲ್ಲ. ಕಾರ್ಡು ಬೇಕಾದಾಗ ಡ್ಯಾಮೇಜ್, ಡ್ಯಾಮೇಜ್ ಬೇಕಾದಾಗ ಕಾರ್ಡು ಎಂಬಂತೆ ನಮಗೆ ಬೇಡದ್ದೇ ಯಾವಾಗಲೂ ಬರುತ್ತದೆ. ಋಣದಲ್ಲಿ ನಮಗೆ ಬೇಕಾದದ್ದು ಮೊದಲೇ ಕೈಸೇರಿರುತ್ತದೆ. ಎದುರಾಳಿಯ ಆಯ್ಕೆಯೇನಿದ್ದರೂ ಅದರ ನೋವಿನ ಗಳಿಗೆಯನ್ನು ಕುರಿತದ್ದು. ಆ ವ್ಯತ್ಯಾಸವೇ ಇದನ್ನು ಉಳಿಸುತ್ತದೆ ಎಂದು ನನ್ನ ನಂಬಿಕೆ.

ಇದಕ್ಕಿಂತ ಗಂಭೀರವಾದ ಅಪಾಯ ಬೇರೊಂದಿದೆ. 2007ರ ಫ್ಯೂಚರ್ ಸೈಟ್ ಸೆಟ್ಟಿನಲ್ಲಿ ಪ್ಯಾಕ್ಟ್ ಎಂಬ ಐದು ಕಾರ್ಡುಗಳು ಬಂದವು, ಆಡುವಾಗ ಅವುಗಳ ಬೆಲೆ ಸೊನ್ನೆ. ನೀಲಿಯ ಪ್ಯಾಕ್ಟ್ ಆಫ್ ನೆಗೇಶನ್ ಎದುರಾಳಿಯ ಸ್ಪೆಲ್ಲನ್ನು ರದ್ದು ಮಾಡುತ್ತದೆ, ನಮ್ಮ ಮುಂದಿನ ಸರದಿಯ ಆರಂಭದಲ್ಲಿ ಐದು ಮನಾ ತೆರದಿದ್ದರೆ ಆಟವನ್ನೇ ಸೋಲುತ್ತೇವೆ. ಅದಕ್ಕಿಂತ ಕಠಿಣ ಬೆಲೆ ಇರಲಾರದು ಎನಿಸುತ್ತದೆ. ಆದರೆ ಅದೇ ಸರದಿಯಲ್ಲಿ ಗೆದ್ದುಬಿಡುವ ಕಾಂಬೋ ಡೆಕ್ಕುಗಳಿಗೆ ಮುಂದಿನ ಸರದಿಯೇ ಇರುವುದಿಲ್ಲವಾದ್ದರಿಂದ ಅವು ಅದನ್ನು ಪುಕ್ಕಟೆಯಾಗಿ ಬಳಸಿಕೊಂಡವು. ಋಣಕ್ಕೂ ಇದೇ ಗತಿ ಬರಬಾರದೆಂದರೆ ಅದನ್ನು ನೀಲಿಗೂ ಕೆಂಪಿಗೂ ಕೊಡಬಾರದು, ರಿಯಾಯಿತಿಯ ನಂತರವೂ ಯಾವ ಕಾರ್ಡೂ ಮೂರು ಮನಾಕ್ಕಿಂತ ಕೆಳಗಿಳಿಯಬಾರದು. ಕಪ್ಪು ಮತ್ತು ಬಿಳಿ ಇದಕ್ಕೆ ಸಹಜವಾದ ಬಣ್ಣಗಳು: ಒಂದು ಯಾವುದನ್ನು ಬೇಕಾದರೂ ಒತ್ತೆಯಿಟ್ಟು ಶಕ್ತಿ ಪಡೆಯುವ ಬಣ್ಣ, ಇನ್ನೊಂದು ಕರಾರಿಗೆ ಕಟ್ಟುಬೀಳುವ ಬಣ್ಣ. ಹಸಿರಿಗೆ ಸಾಲದ ಕಲ್ಪನೆಯೇ ಒಗ್ಗುವುದಿಲ್ಲ, ಮನಾ ಹೆಚ್ಚಿಸಿಕೊಳ್ಳಲು ಅದಕ್ಕೆ ತನ್ನದೇ ದಾರಿಗಳಿವೆ.

ಚಿತ್ರ ಮತ್ತು ಚೌಕಟ್ಟಿನ ಬಗ್ಗೆ ನನಗೆ ಒಂದೇ ಆಸೆ. 2018ರ ಡೊಮಿನೇರಿಯಾದ ಸಾಗಾ ಕಾರ್ಡುಗಳಲ್ಲಿ ಚಿತ್ರವನ್ನು ಬಲಕ್ಕೆ ಉದ್ದವಾಗಿ ನಿಲ್ಲಿಸಿ ಎಡಕ್ಕೆ ಅಧ್ಯಾಯಗಳನ್ನು ಬರೆದಂತೆ, ಸಾಲಪತ್ರದ ಅಂಚಿನಲ್ಲಿ ಬೆಳೆಯುವ ಮೊತ್ತವನ್ನು ಮೇಲಿಂದ ಕೆಳಗೆ ಬರೆದಿರಬೇಕು. ಆಗ ಮೇಜಿನ ಆಚೆಯಿಂದಲೂ ಒಂದೇ ನೋಟಕ್ಕೆ ಋಣ ಎಷ್ಟೆಂದು ತಿಳಿಯುತ್ತದೆ.

ಬಿಡಿಸಲಾಗದೆ ಉಳಿದಿರುವ ತೊಡಕು ಈ ಪತ್ರ ಟೋಕನ್ ಆಗಿರುವುದರಲ್ಲೇ ಇದೆ. ಅದನ್ನು ಆರ್ಟಿಫ್ಯಾಕ್ಟ್, ಅಂದರೆ ನಾಶ ಮಾಡಬಹುದಾದ ವಸ್ತು, ಎಂದು ಪರಿಗಣಿಸಿದರೆ ಸಾಲಗಾರ ಒಂದು ಅಗ್ಗದ ಸ್ಪೆಲ್ಲಿನಿಂದ ಅದನ್ನು ಸುಟ್ಟುಹಾಕಬಹುದು. ಇದು ನನಗೆ ಇಷ್ಟವಾದ ಸಾಧ್ಯತೆ, ಏಕೆಂದರೆ ಅದಕ್ಕೂ ಒಂದು ಕಾರ್ಡು ಖರ್ಚಾಗುತ್ತದೆ. ಆದರೆ 2005ರ ರಾವ್ನಿಕಾ ಸೆಟ್ಟಿನ ಡಬ್ಲಿಂಗ್ ಸೀಸನ್ ತನ್ನ ಒಡೆಯನಿಗೆ ಸಿಗುವ ಟೋಕನ್‌ಗಳನ್ನು ಇಮ್ಮಡಿಗೊಳಿಸುತ್ತದೆ. ಸಾಲ ಕೊಟ್ಟವನ ಮುಂದೆ ಆ ಕಾರ್ಡಿದ್ದರೆ ನಾನು ಒಮ್ಮೆ ಮಾಡಿದ ಋಣಕ್ಕೆ ಅವನ ಬಳಿ ಎರಡು ಪತ್ರಗಳಿರುತ್ತವೆ, ಎರಡಕ್ಕೂ ಬೇರೆ ಬೇರೆ ಬಡ್ಡಿ ಏರುತ್ತಿರುತ್ತದೆ. ನಾಲ್ವರು ಕುಳಿತು ಆಡುವ ಕಮ್ಯಾಂಡರ್‌ನಲ್ಲಿ ಇದು ಅಪರೂಪವೇನಲ್ಲ. ಪತ್ರವನ್ನು ಟೋಕನ್ ಬದಲು ಎಂಬ್ಲೆಮ್ ಮಾಡಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಎಂಬ್ಲೆಮನ್ನು ಯಾರೂ ಮುಟ್ಟಲಾರರು, ಸುಡುವ ಅವಕಾಶವೂ ಅದರೊಂದಿಗೆ ಹೋಗುತ್ತದೆ. ಸದ್ಯಕ್ಕೆ ನನ್ನ ಚೀಟಿಗಳ ಮೇಲೆ ಆರ್ಟಿಫ್ಯಾಕ್ಟ್ ಎಂದೇ ಬರೆದಿದ್ದೇನೆ. ಮುಂದಿನ ಸಲ ನಾಲ್ವರು ಸೇರಿದಾಗ ಡಬ್ಲಿಂಗ್ ಸೀಸನ್ ಇರುವ ಡೆಕ್ಕಿನ ಎದುರಿಗೇ ಅದನ್ನು ಆಡಿ ನೋಡಲಿದ್ದೇನೆ.