ಎರಡೇ ಸೀಟಿನ ಕಾರು, ನೂರೆಂಟು ತಕರಾರು

ಮಿಯಾಟಾಗೆ ಪವರ್ ಸಾಲದು ಅನ್ನುವುದು ಆ ಕಾರಿನ ಮೇಲಿರುವ ತಕರಾರುಗಳಲ್ಲೇ ತೀರಾ ಪೊಳ್ಳು ತಕರಾರು. ಬೈಯಲೇಬೇಕು ಅಂದರೆ ಬೇರೆ ಒಳ್ಳೊಳ್ಳೆಯ ಕಾರಣಗಳಿವೆ. ನಾನೇ ಕೊಡುತ್ತೇನೆ, ಓದಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಜಪಾನಿನ ಮಜ್ದಾ ಕಂಪನಿಯ ಎಂಎಕ್ಸ್-5 ಕಾರನ್ನು ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಲೇ ಕರೆಯುತ್ತಾರೆ. ಎರಡು ಬಾಗಿಲು, ಎರಡು ಸೀಟು, ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಟಾಪ್. ಎಂಜಿನ್ ಮುಂದಿದೆ, ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರಗಳು. 1989ರಲ್ಲಿ ಬಂದಿದ್ದು, 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಿತ್ತು. ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾಗಿದ್ದು ಬೇರೆ ಯಾವುದೂ ಇಲ್ಲ. ಈಗ ಬರುತ್ತಿರುವುದು ನಾಲ್ಕನೇ ತಲೆಮಾರಿನದು. ಅಭಿಮಾನಿಗಳ ಬಾಯಲ್ಲಿ ಅದು 'ಎನ್‌ಡಿ'. ನಾನು ಓಡಿಸುವುದೂ ಅದನ್ನೇ, 2019ರ ಮಾಡೆಲ್, ಕೈಯಲ್ಲೇ ಗೇರ್ ಬದಲಿಸುವಂಥದ್ದು. ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಬೇ ಏರಿಯಾದಲ್ಲಿ.

ಇದರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಬಾಬ್ ಹಾಲ್ ಅಂತ ಒಬ್ಬ ಅಮೆರಿಕನ್ ಪತ್ರಕರ್ತ. 1979ರಲ್ಲಿ ಮಜ್ದಾದ ಹಿರಿಯ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರನ್ನು ಭೇಟಿಯಾದಾಗ, ನೀವು ಮುಂದೆ ಎಂಥ ಕಾರು ಮಾಡಬೇಕು ಅನ್ನುವ ಮಾತು ಬಂತಂತೆ. ಹಳೇ ಬ್ರಿಟಿಷ್ ಕಾರುಗಳ ಥರ ಹಗುರವಾದ, ಸರಳವಾದ, ಕಡಿಮೆ ಬೆಲೆಯ ಒಂದು ತೆರೆದ ಕಾರು ಮಾಡಿ ಅಂದರು ಹಾಲ್. ಎಂಜಿ, ಟ್ರಯಂಫ್, ಲೋಟಸ್ ಎಲಾನ್ ಇವೆಲ್ಲ ಓಡಿಸೋಕೆ ಸೊಗಸು. ಆದರೆ ಆಯಿಲ್ ಸೋರೋದು, ಮಳೆ ಬಂದರೆ ವೈರಿಂಗ್ ಕೈಕೊಡೋದು ಮಾಮೂಲು. ಎಂಜಿ ಕಂಪನಿಯ ಎಂಜಿಬಿ ಕಾರು ಕೂಡ 1980ರಲ್ಲಿ ನಿಂತುಹೋಯಿತು. ಆ ಸುಖ ಇರಲಿ, ಆ ಗೋಳು ಬೇಡ ಅನ್ನುವುದೇ ಮಜ್ದಾದ ಲೆಕ್ಕ. ಬಾಬ್ ಹಾಲ್ ಆಮೇಲೆ ಮಜ್ದಾ ಕಂಪನಿಯನ್ನೇ ಸೇರಿದರು. ರೂಪ ಮೂಡಿದ್ದು ಇಲ್ಲೇ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದ ಡಿಸೈನ್ ಸ್ಟುಡಿಯೋದಲ್ಲಿ. ಟಾಮ್ ಮಟಾನೊ ಆ ತಂಡದಲ್ಲಿದ್ದರು. ಜಪಾನ್ ಕಡೆಯಿಂದ ಇಡೀ ಕೆಲಸ ಮುನ್ನಡೆಸಿದವರು ತೊಶಿಹಿಕೊ ಹಿರಾಯ್. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಪರದೆ ಸರಿಸಿದಾಗ ಅದರಲ್ಲಿದ್ದದ್ದು 1.6 ಲೀಟರ್ ಎಂಜಿನ್, 116 ಕುದುರೆಶಕ್ತಿ. ಬೆಲೆ 13,800 ಡಾಲರ್.

116! ಆಗಲೂ ಜನ ಮೂಗು ಮುರಿದಿದ್ದರು. ಆದರೂ ಕೊಂಡರು. ಷೋರೂಂಗಳವರು ಬೆಲೆಯ ಮೇಲೆ ಇನ್ನಷ್ಟು ಕೇಳಿದರೂ ಕೊಟ್ಟು ಕೊಂಡರು. ಇದನ್ನು ನೋಡಿ ಜರ್ಮನ್ನರೂ ಎದ್ದು ಕೂತರು. 1995ರಲ್ಲಿ ಬಿಎಂಡಬ್ಲ್ಯು ಝಡ್3, ಮರುವರ್ಷವೇ ಮರ್ಸಿಡಿಸ್ ಎಸ್‌ಎಲ್‌ಕೆ ಮತ್ತು ಪೋರ್ಷೆ ಬಾಕ್ಸ್‌ಟರ್. ಹೋಂಡಾದ ಎಸ್2000 ಬಂದು 2009ರಲ್ಲಿ ಹೋಯಿತು. ಆಡಿ ಟಿಟಿ 2023ರಲ್ಲಿ ನಿಂತಿತು. ಮಿಯಾಟಾ ಇನ್ನೂ ಇದೆ.

ಈಗ ಪವರ್ ವಿಷಯಕ್ಕೆ ಬರೋಣ. ನನ್ನ ಕಾರಿನದು 2 ಲೀಟರ್ ಎಂಜಿನ್, 181 ಕುದುರೆಶಕ್ತಿ. ಟರ್ಬೊ ಇಲ್ಲ, ಎಲೆಕ್ಟ್ರಿಕ್ ಮೋಟರ್ ಇಲ್ಲ. ಸಿಗ್ನಲ್ ಹಸಿರಾದ ತಕ್ಷಣ ಪಕ್ಕದ ಟೆಸ್ಲಾ ಮಾಡೆಲ್ 3 ಯಾವ ಶಬ್ದವೂ ಇಲ್ಲದೆ ಮುಂದೆ ಹೋಗಿಬಿಡುತ್ತದೆ. ಹೋಗಲಿ ಬಿಡಿ. ಈ ಕಾರಿನ ತೂಕ ಎಷ್ಟು ಗೊತ್ತಾ? ಸುಮಾರು 1,060 ಕೆಜಿ. ಇವತ್ತಿನ ಕಾಲದಲ್ಲಿ, ಏರ್‌ಬ್ಯಾಗು ಅದೂ ಇದೂ ಎಲ್ಲ ತುಂಬಿಸಿಕೊಂಡೂ ಇಷ್ಟೇ ತೂಗುವುದು ಸಣ್ಣ ಸಾಧನೆ ಅಲ್ಲ. ಮೂರನೇ ತಲೆಮಾರಿನಲ್ಲಿ ಮೈ ತುಂಬಿಕೊಂಡಿದ್ದ ಕಾರನ್ನು ನಾಲ್ಕನೆಯದರಲ್ಲಿ ನೂರು ಕೆಜಿ ಆಸುಪಾಸು ಇಳಿಸಿದರು. 2019ರಲ್ಲಿ ಎಂಜಿನ್ ತಿದ್ದಿದಾಗ ಒಂದೊಂದು ಪಿಸ್ಟನ್‌ನಿಂದ 27 ಗ್ರಾಂ, ಒಂದೊಂದು ಕನೆಕ್ಟಿಂಗ್ ರಾಡ್‌ನಿಂದ 41 ಗ್ರಾಂ ತೆಗೆದರು. ಗ್ರಾಂ ಲೆಕ್ಕದಲ್ಲಿ ತಲೆ ಕೆಡಿಸಿಕೊಂಡಿದ್ದಾರೆ ನೋಡಿ! ಅದರಿಂದಲೇ ಮೊದಲು 6,800ಕ್ಕೆ ನಿಲ್ಲುತ್ತಿದ್ದ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, ಈಗ 7,500ರವರೆಗೆ ಏರುತ್ತದೆ. ಆ ಕೊನೆಯ ಏಳುನೂರು ಆರ್‌ಪಿಎಂನಲ್ಲಿ ಎಂಜಿನ್ ಹಾಡುವುದೇ ಬೇರೆ.

ವುಡ್‌ಸೈಡ್‌ನಿಂದ ಹೈವೇ 84 ಹಿಡಿದು ಸ್ಕೈಲೈನ್ ರಸ್ತೆಗೆ ಹತ್ತಿದವರಿಗೆ ಗೊತ್ತಿರುತ್ತದೆ. ರೆಡ್‌ವುಡ್ ಮರಗಳ ನಡುವೆ ಒಂದರ ಹಿಂದೆ ಒಂದು ತಿರುವು. ಅಲ್ಲಿ ಯಾವ ಕಾರಾದರೂ ಗಂಟೆಗೆ 40, 50, ಹೆಚ್ಚೆಂದರೆ 60 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಹೋದರೆ ಒಂದೋ ಪೊಲೀಸು, ಇಲ್ಲವೇ ಕಣಿವೆ. ಐನೂರು ಕುದುರೆಯ ಕಾರು ಅಲ್ಲಿ ಏನು ಮಾಡಬೇಕು? ಅರೆನಿದ್ದೆಯಲ್ಲಿ ಹೋಗಬೇಕು ಅಷ್ಟೆ. ಮಿಯಾಟಾದಲ್ಲಿ ಅದೇ ವೇಗಕ್ಕೆ ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಎಂಜಿನ್ ಮೈಬಿಚ್ಚಿ ಕೆಲಸ ಮಾಡುತ್ತಿರುತ್ತದೆ, ಕೈಕಾಲಿಗೂ ಪುರುಸೊತ್ತಿರುವುದಿಲ್ಲ. ದುಡ್ಡು ಕೊಟ್ಟು ತಂದ ಇಡೀ ಎಂಜಿನ್ನನ್ನು ಕಾನೂನು ಮುರಿಯದೆ ಬಳಸಬಹುದು. ಇಂಥ ಸ್ಪೋರ್ಟ್ಸ್ ಕಾರು ಇನ್ನೆಷ್ಟು ಉಳಿದಿವೆ ಹೇಳಿ?

ತಿರುವಿನಲ್ಲಿ ಕಾರು ವಾಲುತ್ತದೆ ಅನ್ನುವುದು ಇನ್ನೊಂದು ದೂರು. ನಿಜ, ವಾಲುತ್ತದೆ. ಸಸ್ಪೆನ್ಷನ್ ಮೆದು ಇಟ್ಟಿದ್ದಾರೆ. ಮೊದಲ ಸಲ ಕೂತವರು ಇದೇನು ದೋಣಿ ಥರ ಅಂತಾರೆ. ನನಗೆ ಆ ವಾಲುವಿಕೆಯೇ ಬೇಕು. ಯಾವ ಚಕ್ರದ ಮೇಲೆ ಎಷ್ಟು ಭಾರ ಬಿತ್ತು, ಹಿಡಿತ ಇನ್ನೆಷ್ಟು ಉಳಿದಿದೆ ಅನ್ನುವುದು ಅದರಿಂದಲೇ ತಿಳಿಯುವುದು. ಬಿಗಿ ಸಸ್ಪೆನ್ಷನ್ನಿನ ಕಾರುಗಳು ಏನೂ ಹೇಳದೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ, ಬಿಟ್ಟಾಗ ಒಂದೇ ಸಲಕ್ಕೆ ಬಿಟ್ಟುಬಿಡುತ್ತವೆ. ಮಿಯಾಟಾ ಮೊದಲೇ ಎಚ್ಚರಿಸುತ್ತದೆ. ಸ್ಟಿಯರಿಂಗ್ ವಿಷಯದಲ್ಲಿ ಮಾತ್ರ ಹಳಬರ ಮಾತು ಒಪ್ಪುತ್ತೇನೆ. ಎನ್‌ಡಿಯಲ್ಲಿ ಎಲೆಕ್ಟ್ರಿಕ್ ಸ್ಟಿಯರಿಂಗ್ ಬಂದಮೇಲೆ ರಸ್ತೆಯ ಮಾತು ಕೈಗೆ ಮೊದಲಿನಷ್ಟು ತಲುಪುವುದಿಲ್ಲ.

ಗೇರಿನ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಗೇರ್ ರಾಡ್ ಗಿಡ್ಡ. ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಸಾಕು, ಟಕ್ ಅಂತ ಕೂರುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂನ ಉದ್ದ ಚೌಕಟ್ಟು ಒಂದನ್ನು ಬಿಗಿದಿದ್ದಾರೆ. ಹೀಗಾಗಿ ಆಕ್ಸಿಲರೇಟರ್ ಒತ್ತಿದಾಗ ನಡುವೆ ಎಲ್ಲೂ ಜಗ್ಗಾಟ ಇಲ್ಲ, ಕಾಲು ಹೇಳಿದ್ದು ನೇರ ಚಕ್ರಕ್ಕೆ. ಈ ಉಪಾಯ 1989ರ ಮೊದಲ ಕಾರಿನಿಂದಲೂ ಇದೆ. ಇನ್ನೊಂದು ಮಜಾ ಇದೆ. ಅಮೆರಿಕದಲ್ಲಿ ಕ್ಲಚ್ ಇರುವ ಕಾರು ಓಡಿಸುವವರೇ ಅಪರೂಪ. ನಮ್ಮಂಥವರು ಊರಲ್ಲಿ ಮಾರುತಿ 800ರಲ್ಲಿ ಕಲಿತು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಾಫ್ ಕ್ಲಚ್ಚಲ್ಲೇ ಜೀವನ ಸವೆಸಿದವರು. ಇಲ್ಲಿಗೆ ಬಂದಮೇಲೆ ಆ ವಿದ್ಯೆ ಸುಮ್ನೆ ಕೊಳೆಯುತ್ತಿತ್ತು. ರಾಡ್ ಬಲಗೈಗೆ ಬಂದಿದೆ ಅನ್ನುವುದಷ್ಟೇ ವ್ಯತ್ಯಾಸ.

ಚೆಂದದ ವಿಚಾರ ಜಾಸ್ತಿ ಎಳೆಯುವುದಿಲ್ಲ, ಫೋಟೋ ನೋಡಿದರೆ ಗೊತ್ತಾಗುತ್ತದೆ. 2016ರಲ್ಲಿ ಇದಕ್ಕೆ ವರ್ಲ್ಡ್ ಕಾರ್ ಆಫ್ ದಿ ಇಯರ್ ಪ್ರಶಸ್ತಿ ಬಂತು, ವಿನ್ಯಾಸದ ಪ್ರಶಸ್ತಿಯೂ ಅದೇ ವರ್ಷ ಬಂತು. ನನಗೆ ಇಷ್ಟವಾಗುವುದು ಹೊರಗಿನಿಂದ ಕಾಣುವ ಚೆಂದಕ್ಕಿಂತ ಒಳಗೆ ಕೂತಾಗ ಕಾಣುವುದು. ಸೀಟಿನಿಂದ ನೋಡಿದರೆ ಬಾನೆಟ್ಟಿನ ಎರಡೂ ಕಡೆ ಮಡ್‌ಗಾರ್ಡ್ ಉಬ್ಬು ಕಣ್ಣಿಗೆ ಬೀಳುತ್ತದೆ. ಮುಂದಿನ ಚಕ್ರ ಎಲ್ಲಿದೆ ಅಂತ ಊಹಿಸಬೇಕಿಲ್ಲ. ಇದರದೇ ಇನ್ನೊಂದು ರೂಪ ಆರ್‌ಎಫ್. ಅದಕ್ಕೆ ಬಟ್ಟೆಯ ಬದಲು ಗಟ್ಟಿ ಟಾಪ್, ಗುಂಡಿ ಒತ್ತಿದರೆ 13 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ. ನಿಲ್ಲಿಸಿಟ್ಟು ನೋಡಿದರೆ ಆರ್‌ಎಫ್ ಇನ್ನೂ ಸುಂದರ, ಒಪ್ಪುತ್ತೇನೆ. ಆದರೆ ತೂಕ ಹೆಚ್ಚು, ದುಡ್ಡು ಹೆಚ್ಚು, ಟಾಪ್ ತೆಗೆದರೂ ಹಿಂದಿನ ಕಂಬಗಳು ಅಲ್ಲೇ ಇರುತ್ತವೆ, ಗಾಳಿ ಕಿವಿಯ ಪಕ್ಕ ಗುಂಯ್ ಅನ್ನುತ್ತದೆ. ಬಟ್ಟೆಯ ಟಾಪಿನದು ಒಂದೇ ಕೊಂಡಿ. ಕೂತಲ್ಲಿಂದಲೇ ಒಂದು ಕೈಯಲ್ಲಿ ಬಿಚ್ಚಿ ಹಿಂದಕ್ಕೆ ಎಸೆದರೆ ಮುಗಿಯಿತು. ಕೆಡಲು ಮೋಟರೇ ಇಲ್ಲ.

ಇಷ್ಟು ಹೊಗಳಿದ್ದಾಯಿತು. ಇನ್ನು ಬೈಗುಳ.

ಶಬ್ದ. ಇದು ನಂಬರ್ ಒನ್. ಹೈವೇ 101ರಲ್ಲಿ ಎಲ್ಲರ ಜೊತೆ ಗಂಟೆಗೆ 110 ಕಿಲೋಮೀಟರ್ ಹೊಡೆಯುವಾಗ, ಟಾಪ್ ಮುಚ್ಚಿದ್ದರೂ ಪಕ್ಕದವರ ಮಾತು ಕೇಳಬೇಕಾದರೆ ಗಂಟಲು ಏರಿಸಬೇಕು. ಫೋನಲ್ಲಿ ಊರಿನವರ ಜೊತೆ ಮಾತಾಡುವ ಆಸೆ ಬಿಟ್ಟುಬಿಡಿ. ಪಕ್ಕದಲ್ಲಿ ದೊಡ್ಡ ಟ್ರಕ್ ಬಂದರೆ ಅದರ ಚಕ್ರದ ನಟ್ಟುಗಳು ನಿಮ್ಮ ಕಿವಿಯ ಮಟ್ಟಕ್ಕಿರುತ್ತವೆ. ಎತ್ತರದ ಪಿಕಪ್ ಓಡಿಸುವವನಿಗೆ ನೀವು ಅಲ್ಲಿದ್ದೀರಿ ಅನ್ನುವುದೇ ಕಾಣದಿರಬಹುದು. ಟಾಪ್ ಮುಚ್ಚಿದಾಗ ನಿಮಗೂ ಹಿಂದಿನ ಮೂಲೆಗಳು ಸರಿಯಾಗಿ ಕಾಣುವುದಿಲ್ಲ. ಹೈವೇಯಲ್ಲಿ ದಿನಾ ಗಂಟೆಗಟ್ಟಲೆ ಓಡಾಡುವವರಿಗೆ ಈ ಕಾರು ಬೇಡವೇ ಬೇಡ ಅನ್ನುತ್ತೇನೆ, ಮುಲಾಜಿಲ್ಲದೆ.

ಜಾಗ. ಆರಡಿ ದಾಟಿದವರು ಕೊಳ್ಳುವ ಮುಂಚೆ ಒಮ್ಮೆ ಕೂತು ನೋಡಲೇಬೇಕು. 2019ಕ್ಕಿಂತ ಹಿಂದಿನ ಎನ್‌ಡಿಗಳಲ್ಲಿ ಸ್ಟಿಯರಿಂಗ್ ಮೇಲೆ ಕೆಳಗೆ ಮಾಡಬಹುದಿತ್ತೇ ಹೊರತು ಹತ್ತಿರಕ್ಕೆ ಎಳೆದುಕೊಳ್ಳಲು ಬರುತ್ತಿರಲಿಲ್ಲ. ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ಕಂಜೂಸಿ ಮಾಡಿದರೋ. ಡ್ಯಾಶ್‌ಬೋರ್ಡಿನಲ್ಲಿ ಗ್ಲೋವ್ ಬಾಕ್ಸ್ ಇಲ್ಲ. ಕಾಗದಪತ್ರ ಇಡುವ ಡಬ್ಬ ಎರಡು ಸೀಟಿನ ನಡುವೆ, ಬೆನ್ನ ಹಿಂದೆ. ಕಪ್ ಇಡುವ ಜಾಗ ಮೊಣಕೈ ಹತ್ತಿರ, ಗೇರ್ ಬದಲಿಸುವಾಗ ಕಾಫಿಗೇ ಡಿಕ್ಕಿ. ಸ್ಟೆಪ್ನಿ ಇಲ್ಲ, ಪಂಕ್ಚರ್ ಆದರೆ ಗಾಳಿ ತುಂಬುವ ಕಿಟ್ಟೇ ಗತಿ.

ಕಾರಿನ ಡಿಕ್ಕಿಯೋ 130 ಲೀಟರ್. ಸೋನಾ ಮಸೂರಿ ಚೀಲ, ತರಕಾರಿ, ಹಾಲು ಮೊಸರು ಇಷ್ಟು ಹಿಡಿಸುತ್ತದೆ. ಎಲ್ಲವನ್ನೂ ದೊಡ್ಡ ಕಟ್ಟಿನಲ್ಲೇ ಮಾರುವ ಕಾಸ್ಟ್‌ಕೋ ಅಂಗಡಿಗೆ ಹೋಗಿ ಟಿಶ್ಯೂ ಪೇಪರ್ ಕಟ್ಟು ಕೊಂಡರೆ ಅದಕ್ಕೆ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಬೇಕು. ಇನ್ನು ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂದುಕೊಳ್ಳಿ. ತಲಾ ಎರಡು ಸೂಟ್‌ಕೇಸು, ಅದರ ತುಂಬ ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ. ಸೂಟ್‌ಕೇಸ್ ಹಾಗಿರಲಿ, ಇಬ್ಬರಲ್ಲಿ ಯಾರನ್ನು ಕರೆದುಕೊಂಡು ಬರುತ್ತೀರಿ?

ನನ್ನ ಪ್ರಕಾರ ಈ ಕಾರಿನ ನಿಜವಾದ ಕೊರತೆ ಇದೇ. ಇದೊಂದೇ ಇಟ್ಟುಕೊಂಡು ಸಂಸಾರ ನಡೆಸಲು ಆಗುವುದಿಲ್ಲ. ಅಗ್ಗದ ಸ್ಪೋರ್ಟ್ಸ್ ಕಾರು ಅಂತ ಎಲ್ಲರೂ ಬರೆಯುತ್ತಾರೆ. ಬಾಕ್ಸ್‌ಟರಿನ ಅರ್ಧಕ್ಕಿಂತ ಕಡಿಮೆ ಬೆಲೆ, ಹೌದು. ಲೀಟರಿಗೆ 12 ಕಿಲೋಮೀಟರ್ ಮೈಲೇಜ್ ಬರುತ್ತದೆ, ಅದೂ ಹೌದು. ಪ್ರೀಮಿಯಂ ಪೆಟ್ರೋಲ್ ಕೇಳುತ್ತದೆ ಅನ್ನುವುದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ. ಆದರೆ ಮನೆಯಲ್ಲಿ ಇನ್ನೊಂದು ದೊಡ್ಡ ಕಾರು, ಅದಕ್ಕೊಂದು ಇನ್ಶೂರೆನ್ಸ್, ನಿಲ್ಲಿಸಲು ಇನ್ನೊಂದು ಜಾಗ ಇರಲೇಬೇಕಲ್ಲ, ಆ ಲೆಕ್ಕವನ್ನು ಯಾರೂ ಸೇರಿಸುವುದಿಲ್ಲ. ನಮ್ಮ ಮನೆಯಲ್ಲಿ ಸೇರಿಸಿದರು. ಆ ಚರ್ಚೆಯ ವಿವರ ಇಲ್ಲಿ ಬೇಡ, ಮನೆಯವರೂ ಫೇಸ್‌ಬುಕ್ಕಿನಲ್ಲಿದ್ದಾರೆ.

ಬಟ್ಟೆಯ ಟಾಪಿಗೂ ಅದರದೇ ಚಿಂತೆಗಳಿವೆ. ಚಾಕು ಇದ್ದರೆ ಸಾಕು, ಕಳ್ಳನಿಗೆ ಬಾಗಿಲು ಬೇಕಿಲ್ಲ. ಹೀಗಾಗಿ ಎಷ್ಟೋ ಜನ ಒಳಗೆ ಏನನ್ನೂ ಇಡದೆ, ಬಾಗಿಲಿಗೆ ಲಾಕೂ ಹಾಕದೆ ಹೋಗುತ್ತಾರೆ. ಟಾಪ್ ಹರಿಯುವುದಕ್ಕಿಂತ ಒಳಗೆ ಬಂದು ನೋಡಿ ಹೋಗಲಿ ಅಂತ. ಮರದ ಕೆಳಗೆ ನಿಲ್ಲಿಸುವ ಅಭ್ಯಾಸ ಇದ್ದರೆ ಟಾಪಿನ ಪಕ್ಕದ ನೀರು ಹೋಗುವ ತೂತುಗಳನ್ನು ಆಗಾಗ ಬಿಡಿಸುತ್ತಿರಬೇಕು. ಎಲೆ ಕಸ ಕಟ್ಟಿಕೊಂಡರೆ ಮಳೆನೀರು ಒಳಗೇ ಬರುತ್ತದೆ. ಹಳೇ ಮಿಯಾಟಾಗಳಲ್ಲಿ ಬಾಗಿಲ ಕೆಳಗಿನ ಭಾಗ ಒಳಗಿಂದಲೇ ತುಕ್ಕು ಹಿಡಿಯುವುದಕ್ಕೆ ಈ ನೀರೂ ಒಂದು ಕಾರಣ.

ಊರಿನ ಗೆಳೆಯರು ಕೇಳುತ್ತಾರೆ, ಬೆಂಗಳೂರಿಗೆ ಬಂದರೆ ಹೇಗೆ ಅಂತ. ಮಜ್ದಾ ಭಾರತದಲ್ಲಿ ಕಾರು ಮಾರುವುದೇ ಇಲ್ಲ. ತರಿಸಿಕೊಂಡರೆ ಸುಂಕವೇ ಕಣ್ಣಲ್ಲಿ ನೀರು ತರಿಸುತ್ತದೆ. ತರಿಸಿದ್ದೀರಿ ಅಂತಲೇ ಇಟ್ಟುಕೊಳ್ಳಿ, ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ ಇರುವ ಕಾರು ನಮ್ಮ ಬಡಾವಣೆಯ ಹಂಪುಗಳನ್ನು ಹೇಗೆ ದಾಟಬೇಕು? ಸಿಗ್ನಲ್ಲಿನಲ್ಲಿ ಟಾಪ್ ತೆಗೆದು ಕೂತರೆ ಬಸ್ಸಿನ ಹೊಗೆ ನೇರ ಮೂಗಿಗೆ. ನಮ್ಮವರೂ ಇಂಥದ್ದೊಂದನ್ನು ಪ್ರಯತ್ನಿಸಿದ್ದರು ಅನ್ನುವುದು ಎಷ್ಟು ಜನಕ್ಕೆ ನೆನಪಿದೆಯೋ. ಸ್ಯಾನ್ ಸ್ಟಾರ್ಮ್ ಅಂತ. ಎರಡು ಸೀಟು, ಫೈಬರ್ ಮೈ, ರೆನೋದ 1.2 ಲೀಟರ್ ಎಂಜಿನ್. ರಸ್ತೆಯ ಮೇಲೆ ಕಂಡಿದ್ದೇ ಅಪರೂಪ, ಜನ ಕೈ ಹಿಡಿಯಲಿಲ್ಲ. ಮನೆಮಂದಿಯೆಲ್ಲ ಹೋಗಲು ಕಾರು ಕೊಳ್ಳುವ ಊರಲ್ಲಿ ಇಬ್ಬರಿಗೆ ಅಂತ ಕಾರು ಮಾಡಿದರೆ ಮತ್ತೇನಾಗುತ್ತದೆ?

ಇಲ್ಲೂ ನಮ್ಮವರ ಕಣ್ಣಲ್ಲಿ ಇದು ವಿಚಿತ್ರ ಕಾರೇ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದಾಗ ಹಿರಿಯರೊಬ್ಬರು ಸುತ್ತ ಒಂದು ಸಲ ನಡೆದು ನೋಡಿ, "ಏನಪ್ಪಾ, ಮೇಲ್ಛಾವಣಿಗೆ ದುಡ್ಡು ಸಾಲಲಿಲ್ವಾ?" ಅಂದರು. ಅಮ್ಮ ಮಾತ್ರ ತಲೆಗೆ ಸ್ಕಾರ್ಫ್ ಬಿಗಿದು, ಹಾಫ್ ಮೂನ್ ಬೇ ಕಡೆ ಸಮುದ್ರದ ಪಕ್ಕ ಹೋಗುವಾಗ "ಇನ್ನೊಂಚೂರು ಜೋರಾಗಿ ಹೋಗೋ" ಅಂತ ಹೇಳಿದ್ದಳು. ಅಪ್ಪ ಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದರು, ಸೀಟಿರಲಿಲ್ಲವಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇದ್ದವರಿಗೆ: ದುಡ್ಡು ಹೊಂದಿದರೆ 2019 ಅಥವಾ ಅದರ ನಂತರದ್ದೇ ನೋಡಿ, ಎಂಜಿನ್ ಮತ್ತು ಸ್ಟಿಯರಿಂಗ್ ಎರಡಕ್ಕೂ. 2016, 17ರ ಗಾಡಿಗಳ ಗೇರ್‌ಬಾಕ್ಸ್ ಬಗ್ಗೆ ದೂರುಗಳು ಬಂದು ಆಮೇಲೆ ತಿದ್ದಿದ್ದಾರೆ. ಅಂಥದ್ದು ಸಿಕ್ಕರೆ ಗೇರ್‌ಬಾಕ್ಸ್ ಬದಲಾಗಿದೆಯಾ ಅಂತ ಕೇಳಿ. ಬಾನೆಟ್ಟಿನೊಳಗಿಂದ ಮೇಲೆದ್ದು ಕಣ್ಣು ತೆರೆದು ಮುಚ್ಚುವ ಲೈಟಿನ ತೊಂಬತ್ತರ ದಶಕದ ಕಾರಿಗೆ ಮನಸೋತಿದ್ದರೆ, ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುವ ರಾಜ್ಯಗಳಿಂದ ಬಂದದ್ದು ಬೇಡ, ಉಪ್ಪಿಗೆ ತುಕ್ಕು ಹಿಡಿದಿರುತ್ತದೆ. ಕ್ಯಾಲಿಫೋರ್ನಿಯಾದಲ್ಲೇ ಇದ್ದದ್ದನ್ನು ಹುಡುಕಿ, ಕೆಳಗೆ ಬಗ್ಗಿ ನೋಡದೆ ದುಡ್ಡು ಕೊಡಬೇಡಿ.

ಬೇ ಏರಿಯಾದಲ್ಲಿ ಇರುವವರು ಯಾರಾದರೂ ಓಡಿಸಿ ನೋಡಬೇಕು ಅಂದರೆ ಕಾಮೆಂಟಿನಲ್ಲಿ ಹೇಳಿ, ಭಾನುವಾರ ಬೆಳಗ್ಗೆ ಸ್ಕೈಲೈನ್ ಕಡೆ ಹೋಗೋಣ. ಕ್ಲಚ್ ಬರಬೇಕು. ಒಬ್ಬೊಬ್ಬರೇ ಬನ್ನಿ.