ಆರು ತಿಂಗಳ ಇಂಜೆಕ್ಷನ್ ಕೊಡಗಿಗೆ ಬಂದರೆ ಯಾವ ಬಾಗಿಲಲ್ಲಿ ಕೊಡ್ತೀರಿ?

ಎಚ್‌ಐವಿ ಬರದ ಹಾಗೆ ತಡೆಯೋಕೆ ಆರು ತಿಂಗಳಿಗೊಮ್ಮೆ ತಗೊಳ್ಳುವ ಇಂಜೆಕ್ಷನ್ ಒಂದು ಬಂದಿದೆ. ಹೆಸರು ಲೆನಾಕಪವಿರ್. 2025ರ ಜೂನ್‌ನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮರು ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಕೂಡ ಶಿಫಾರಸು ಮಾಡಿತು. ಅಂಗಡಿಗೆ ಬರುವ, ಸಲುಗೆಯಿಂದ ಮಾತಾಡುವ ಕೆಲವರಿಗೆ ನಾನು ಈ ವಿಷಯ ಹೇಳಿದೆ. ಅದು ಎಷ್ಟು ಕೆಲಸ ಮಾಡುತ್ತೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಎಲ್ಲಿ ಕೊಡ್ತಾರಕ್ಕ? ಯಾರು ಕೊಡ್ತಾರೆ?"

ಅದೇ ಸರಿಯಾದ ಪ್ರಶ್ನೆ ಅಂತ ನನಗನ್ನಿಸುತ್ತೆ. ಈ ಬರಹವೂ ಅದರ ಬಗ್ಗೆಯೇ.

ನಂದು ದಕ್ಷಿಣ ಕೊಡಗಿನಲ್ಲಿ ಒಂದು ಸಣ್ಣ ಮೆಡಿಕಲ್ ಸ್ಟೋರ್. ಇಲ್ಲಿ ಕಾಂಡೋಮ್ ಬೇಕಾದವರು ಮೊದಲು ಪ್ಯಾರಾಸಿಟಮಾಲ್ ಕೇಳ್ತಾರೆ. ಆಮೇಲೆ ನೋವಿನ ಮುಲಾಮು. ಆಮೇಲೆ ಪಕ್ಕದವರು ಹೋಗಲಿ ಅಂತ ಫೋನ್ ನೋಡ್ತಾ ನಿಲ್ತಾರೆ. ಗೋಣಿಕೊಪ್ಪದವರು ಹುಣಸೂರಿಗೆ ಹೋಗಿ ತಗೊಳ್ತಾರೆ, ಹುಣಸೂರಿನವರು ನಮ್ಮಲ್ಲಿಗೆ ಬರ್ತಾರೆ. ಬಸ್ಸಿನ ಖರ್ಚೇ ಪ್ಯಾಕೆಟ್‌ಗಿಂತ ಜಾಸ್ತಿ! ನಗು ಬರುತ್ತೆ ನಿಜ, ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ. ನಮ್ಮೂರಲ್ಲಿ ಯಾರನ್ನೇ ಕಂಡರೂ ಮೊದಲ ಪ್ರಶ್ನೆ "ಯಾವ ಮನೆಯವರು?" ಅನ್ನೋದೇ ಅಲ್ವಾ. ಮನೆ ಹೆಸರು ಹೇಳಿದರೆ ಸಾಕು, ಅಜ್ಜ ಯಾರು, ತೋಟ ಎಷ್ಟು, ಸೋದರತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ, ಎಲ್ಲ ಗೊತ್ತಾಗಿಬಿಡುತ್ತೆ. ಮದುವೆ ಮಾತುಕತೆಗೆ ಇದು ಅನುಕೂಲ. ರಕ್ತ ಪರೀಕ್ಷೆಗೆ ಅಲ್ಲ.

ಈಗ ಸಂಶೋಧನೆಯ ವಿಷಯಕ್ಕೆ ಬರ್ತೀನಿ. ಎಚ್‌ಐವಿ ತಡೆಯುವ ಮಾತ್ರೆ ಹೊಸದೇನಲ್ಲ. ದಿನಕ್ಕೊಂದು ಮಾತ್ರೆ, ಸೋಂಕು ಇಲ್ಲದವರು ಬರದಿರಲಿ ಅಂತ ತಗೊಳ್ಳೋದು. ಅದನ್ನು ಪ್ರೆಪ್ ಅಂತಾರೆ. ಅಮೆರಿಕದಲ್ಲಿ 2012ರಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಸರಿಯಾಗಿ ತಗೊಂಡರೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ತೊಂದರೆ ಇರೋದು "ಸರಿಯಾಗಿ ತಗೊಂಡರೆ" ಅನ್ನೋದರಲ್ಲಿ.

ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಯ 5,029 ಹೆಂಗಸರ ಮೇಲೆ ವಾಯ್ಸ್ ಅನ್ನೋ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ ಹೊರಬಿದ್ದದ್ದು 2013ರಲ್ಲಿ. ಮಾತ್ರೆ, ಜೆಲ್ ಯಾವುದೂ ಸೋಂಕು ತಡೆಯಲಿಲ್ಲ. ಹೆಂಗಸರನ್ನು ಕೇಳಿದರೆ ತಗೊಂಡಿದ್ದೀವಿ ಅಂದರು. ವಾಪಸ್ ತಂದ ಮಾತ್ರೆ ಎಣಿಸಿದರೆ ಲೆಕ್ಕ ಸರಿ ಇತ್ತು, ನೂರಕ್ಕೆ ಎಂಬತ್ತಾರರಷ್ಟು ಬಳಸಿದ ಹಾಗೆ. ರಕ್ತ ಪರೀಕ್ಷೆ ಮಾಡಿದಾಗ ಔಷಧಿ ಸಿಕ್ಕಿದ್ದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಸ್ಯಾಂಪಲ್‌ಗಳಲ್ಲಿ. ಯಾಕೆ ಹೀಗೆ ಅಂತ ಆಮೇಲೆ ಕೂತು ಮಾತಾಡಿಸಿದಾಗ ಕಾರಣಗಳು ಒಂದೊಂದಾಗಿ ಹೊರಗೆ ಬಂದವು. ಕೆಲವರಿಗೆ ಅಡ್ಡ ಪರಿಣಾಮದ ಹೆದರಿಕೆ. ಕೆಲವರಿಗೆ ಗಂಡನ ಅನುಮಾನ. ಮುಖ್ಯವಾಗಿ, ಡಬ್ಬಿ ಕಂಡವರು "ಇವಳಿಗೇ ಎಚ್‌ಐವಿ ಇದೆ" ಅಂದುಕೊಳ್ತಾರೆ ಅನ್ನೋ ಭಯ.

ಇದನ್ನು ಓದಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಒಮ್ಮೆ ಒಬ್ಬರು ಅಂಗಡಿಗೆ ಬಂದು ಕ್ಯಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿ ಇದ್ದರೆ ಕೊಡಿ ಅಂದರು. ಗಂಡಸೋ ಹೆಂಗಸೋ, ಯಾವ ಕಡೆಯವರೋ ಹೇಳಲ್ಲ. ಖಾಲಿ ಡಬ್ಬಿ ಯಾಕೆ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು. ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಕೊಡುವ ಪ್ಲಾಸ್ಟಿಕ್ ಡಬ್ಬಿ ಬ್ಯಾಗಿನಲ್ಲಿ ಗಲಗಲ ಅನ್ನುತ್ತೆ, ಲೇಬಲ್ ಕಿತ್ತರೂ ಅಂಟು ಉಳಿಯುತ್ತೆ, ಅತ್ತೆ ಮನೆಯಲ್ಲಿ ಎಲ್ಲರೂ ಬ್ಯಾಗ್ ತೆಗೀತಾರೆ. ಹತ್ತಿ ತುಂಬಿಸಿ ಕೊಟ್ಟೆ. ಹತ್ತಿ ಇದ್ದರೆ ಸದ್ದಾಗಲ್ಲ.

ಅವರು ತಗೊಳ್ತಿದ್ದದ್ದು ಚಿಕಿತ್ಸೆಯ ಮಾತ್ರೆ. ಆದರೆ ಅದೂ ಒಂದು ತಡೆಗಟ್ಟುವ ಮದ್ದೇ ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳ ಅಧ್ಯಯನ ಒಂಬತ್ತು ದೇಶಗಳಲ್ಲಿ ನಡೆದಿತ್ತು. ನಮ್ಮ ಚೆನ್ನೈ, ಪುಣೆಯೂ ಅದರಲ್ಲಿದ್ದವು. ಬೇಗ ಚಿಕಿತ್ಸೆ ಶುರು ಮಾಡಿದರೆ ಜೊತೆಗಾರರಿಗೆ ಹರಡೋದು 96 ಶೇಕಡಾ ಕಡಿಮೆ ಅಂತ 2011ರಲ್ಲಿ ಗೊತ್ತಾಯಿತು. ಆಮೇಲೆ ಯುರೋಪಿನಲ್ಲಿ ಪಾರ್ಟ್‌ನರ್ ಅಧ್ಯಯನ ನಡೆಯಿತು. ಮಾತ್ರೆಯಿಂದ ರಕ್ತದಲ್ಲಿ ವೈರಸ್ ಹತೋಟಿಗೆ ಬಂದವರಿಂದ ಸಂಗಾತಿಗೆ ಒಂದು ಸಲವೂ ಸೋಂಕು ಹರಡಿದ್ದು ಅದರಲ್ಲಿ ಕಾಣಲಿಲ್ಲ. ಕಾಂಡೋಮ್ ಇಲ್ಲದಿದ್ದಾಗಲೂ ಸೊನ್ನೆ. ಮದುವೆಯಾಗಿ, ಮಕ್ಕಳಾಗಿ, ಎಲ್ಲರ ಹಾಗೆ ಬದುಕಬಹುದು. ಆದರೂ ನಮ್ಮ ಜನಕ್ಕೆ ಈಗಲೂ "ಅವರ ಮನೆ ಲೋಟದಲ್ಲಿ ಕಾಫಿ ಕುಡೀಬಹುದಾ" ಅನ್ನೋದೇ ಚಿಂತೆ. ಕಾಫಿ ಬೆಳೆಯೋ ಜಿಲ್ಲೆ ನೋಡಿ!

ಇಂಜೆಕ್ಷನ್‌ಗೆ ವಾಪಸ್ ಬರ್ತೀನಿ. ದಕ್ಷಿಣ ಆಫ್ರಿಕಾ, ಉಗಾಂಡದಲ್ಲಿ ಪರ್ಪಸ್ 1 ಅನ್ನೋ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಇಂಜೆಕ್ಷನ್ ತಗೊಂಡ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ನನಗೆ ಜಾಸ್ತಿ ಕಾಡಿದ್ದು ಅದೇ ಅಧ್ಯಯನದ ಇನ್ನೊಂದು ಗುಂಪು. ದಿನಾ ನುಂಗುವ ಹೊಸ ಮಾತ್ರೆ ಕೊಟ್ಟ 2,136 ಜನರಲ್ಲಿ 39 ಮಂದಿಗೆ ಸೋಂಕಾಯಿತು. ಮಾತ್ರೆ ಕೆಟ್ಟದ್ದಲ್ಲ, ಹೆಚ್ಚಿನವರು ದಿನಾ ತಗೊಳ್ಳಲಿಲ್ಲ. ಹತ್ತು ವರ್ಷದ ಹಿಂದಿನ ಅದೇ ಕಥೆ. ಹಾಗಾಗಿ ಈ ಇಂಜೆಕ್ಷನ್ ವೈರಸ್‌ನಷ್ಟೇ ಅಕ್ಕಪಕ್ಕದವರ ಕಣ್ಣನ್ನೂ ಗೆದ್ದಿದೆ ಅಂತ ನಾನು ನಂಬ್ತೀನಿ. ಮನೆಯಲ್ಲಿ ಡಬ್ಬಿ ಇಲ್ಲ, ಸದ್ದಿಲ್ಲ. ಹೊಟ್ಟೆಯ ಚರ್ಮದ ಕೆಳಗೆ ಎರಡು ಸೂಜಿ, ಶುರುವಿನ ಎರಡು ದಿನ ಮಾತ್ರ ಜೊತೆಗೆ ಮಾತ್ರೆ. ಸೂಜಿ ಚುಚ್ಚಿದಲ್ಲಿ ಸಣ್ಣ ಗಂಟು ಆಗೋದುಂಟು, ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಗಿದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಕೈಗೆ ಸಿಗುವ ಗಂಟಿಗೂ ಮನೆಯಲ್ಲಿ ಒಂದು ಉತ್ತರ ಬೇಕಾಗುತ್ತಲ್ಲ.

ಹಾಗಂತ ದಿನದ ಮಾತ್ರೆ ಎಲ್ಲ ಕಡೆ ಸೋತಿತು ಅಂದರೆ ತಪ್ಪು. ಪಕ್ಕದ ಮೈಸೂರನ್ನೇ ನೋಡಿ. ಅಲ್ಲಿ ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಆಶೋದಯ ಸಮಿತಿ ಪ್ರೆಪ್ ಮಾತ್ರೆಯ ಪ್ರಯೋಗ ನಡೆಸಿತು. ಇಂಥದ್ದೇ ಒಂದು ಕೋಲ್ಕತ್ತಾದಲ್ಲೂ ನಡೆಯಿತು. ಮೈಸೂರಿನಲ್ಲಿ ಸೇರಿದವರಲ್ಲಿ ಬಹುಪಾಲು ಜನ ಕೊನೆವರೆಗೂ ಉಳಿದರು, ಮಾತ್ರೆ ತಗೊಂಡರು. ಆಫ್ರಿಕಾದಲ್ಲಿ ಸೋತದ್ದು ಇಲ್ಲಿ ಹೇಗೆ ನಡೆಯಿತು? ಅವರ ಸಂಘದವರೇ ಮೊದಲು ಕೂತು ಚರ್ಚೆ ಮಾಡಿದ್ದರು, ಅವರವರೇ ಒಬ್ಬರಿಗೊಬ್ಬರು ನೆನಪಿಸ್ತಿದ್ದರು. ಮುಚ್ಚಿಡಬೇಕಾದ ಜನರ ನಡುವೆ ಇರಲಿಲ್ಲ ಅವರು. ನಮ್ಮಲ್ಲಿ ಅಂಥ ಸಂಘ ಎಲ್ಲಿದೆ? ತೋಟದ ಕೂಲಿಯವರ ಲೈನ್ ಮನೆಯ ಹೆಂಗಸಿಗೆ, ಹೋಂಸ್ಟೇಯಲ್ಲಿ ಕೆಲಸ ಮಾಡುವ ಹುಡುಗನಿಗೆ, ಟಿಂಬರ್ ಲಾರಿಯವರ ಹೆಂಡತಿಗೆ?

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ವಿಷಯ ಬಂದ ತಕ್ಷಣ ನಮ್ಮವರು "ಅದೆಲ್ಲ ಅಸ್ಸಾಂ, ಬಂಗಾಳದಿಂದ ಬಂದ ಕೂಲಿಯವರ ಕಾಯಿಲೆ" ಅಂತ ಕೈ ತೊಳಕೊಳ್ತಾರೆ. ಕೌಂಟರ್‌ನ ಈ ಕಡೆ ನಿಂತು ನೋಡಿ ಹೇಳ್ತಿದ್ದೀನಿ, ದೊಡ್ಡ ಕಾರಿನಲ್ಲಿ ಬಂದು ಹುಣ್ಣಿಗೆ, ಉರಿಮೂತ್ರಕ್ಕೆ ಚೀಟಿ ಇಲ್ಲದೆ ಮಾತ್ರೆ ಕೇಳೋರಿಗೇನೂ ಕಡಿಮೆ ಇಲ್ಲ. ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದ ಹೆಂಗಸರಿಗೂ ಸೋಂಕು ಬಂದಿದೆ. ಅವರು ಯಾವ ಊರಿಂದ ಬಂದವರು ಅಂತ ಹೇಳ್ತೀರಿ?

ಚೀಟಿ ಇಲ್ಲದ ಮಾತ್ರೆ ಅಂದಾಗ ಡಾಕ್ಸಿಸೈಕ್ಲಿನ್ ನೆನಪಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಇಲಿ ಜ್ವರದ ಮಾತ್ರೆ ಅಂತ ಎಲ್ಲರಿಗೂ ಗೊತ್ತು. ಅದೇ ಮಾತ್ರೆಯನ್ನು ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ 200 ಮಿಲಿಗ್ರಾಂ ತಗೊಂಡರೆ ಸಿಫಿಲಿಸ್, ಕ್ಲಮಿಡಿಯಾದಂಥ ಲೈಂಗಿಕ ರೋಗ ಬರೋದು ತುಂಬಾ ಕಡಿಮೆ ಅಂತ ಅಮೆರಿಕದ ಅಧ್ಯಯನ 2023ರಲ್ಲಿ ತೋರಿಸಿತು. ಅದು ಗಂಡಸರ ಜೊತೆ ಸಂಬಂಧವಿರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರ ಮೇಲೆ ನಡೆದದ್ದು. ಕೀನ್ಯಾದ ಹೆಂಗಸರಲ್ಲಿ ಮಾಡಿದಾಗ ಲಾಭ ಕಾಣಲಿಲ್ಲ. ಅಲ್ಲಿ ಕೂದಲು ಪರೀಕ್ಷೆ ಮಾಡಿದರು. ಪರೀಕ್ಷೆ ಮಾಡಿದ ಕೂದಲ ಸ್ಯಾಂಪಲ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಔಷಧಿಯ ಸುಳಿವೇ ಇರಲಿಲ್ಲ. ಇದನ್ನು ಓದಿ ನಾಳೆಯೇ ಯಾರೂ ಅಂಗಡಿಗೆ ಬಂದು ಒಂದು ಸ್ಟ್ರಿಪ್ ಕೊಡಕ್ಕ ಅನ್ನಬೇಡಿ, ಡಾಕ್ಟರ್ ಚೀಟಿ ಇಲ್ಲದೆ ಕೊಡಲ್ಲ. ಆ್ಯಂಟಿಬಯೋಟಿಕ್ ಸುಮ್ನೆ ನುಂಗಿ ನುಂಗಿ ಅದು ಕೆಲಸವೇ ಮಾಡದ ಸ್ಥಿತಿಗೆ ಬಂದರೆ ಇಲಿ ಜ್ವರಕ್ಕೂ ಮದ್ದಿರಲ್ಲ.

ಇಂಜೆಕ್ಷನ್ ಬೆಲೆಯ ಬಗ್ಗೆ ಕೇಳಿದವರಿಗೆ: ಅಮೆರಿಕದಲ್ಲಿ ವರ್ಷಕ್ಕೆ 28,218 ಡಾಲರ್, ಅಂದರೆ 24 ಲಕ್ಷ ರೂಪಾಯಿ ಆಸುಪಾಸು. ಒಂದು ಎಕರೆ ತೋಟ ಮಾರಬೇಕು. ಆದರೆ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೋ ಕಂಪನಿಗಳು ಇದನ್ನು ತಯಾರಿಸಿ 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಬಡ, ಮಧ್ಯಮ ಆದಾಯದ ದೇಶಗಳಿಗೆ ಕೊಡ್ತೀವಿ ಅಂತ ಒಪ್ಪಂದ ಆಗಿದೆ. ಮೂರೂವರೆ ಸಾವಿರ ರೂಪಾಯಿ. ಈ ಇಂಜೆಕ್ಷನ್ ಎಚ್‌ಐವಿಯನ್ನು ಮಾತ್ರ ತಡೆಯುತ್ತೆ, ಸಿಫಿಲಿಸ್, ಗೊನೋರಿಯಾವನ್ನಲ್ಲ. ಕಾಂಡೋಮ್ ಬಿಡೋ ಹಾಗಿಲ್ಲ.

ಇನ್ನು ಬಾಗಿಲಿನ ಮಾತು. ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಯ ಕೋಣೆ ಕಾರಿಡಾರಿನ ತುದಿಯಲ್ಲಿದೆ. ಮೇಲೆ ದೊಡ್ಡ ಬೋರ್ಡು, ಕೆಂಪು ರಿಬ್ಬನ್. ಹೊರಗೆ ಒಂದು ಬೆಂಚು. ಆ ಬೆಂಚಿಗೆ ಎದುರಾಗಿಯೇ ಓಪಿಡಿ ಸಾಲು. ಬೆಂಚಿನಲ್ಲಿ ಕೂತವರನ್ನು ಇಡೀ ಸಾಲು ನೋಡುತ್ತೆ. ಒಳಗೆ ಇರುವ ಕೌನ್ಸೆಲರ್ ತುಂಬಾ ಒಳ್ಳೆಯವರು, ಹೆಸರು ಹೊರಗೆ ಬಿಡಲ್ಲ. ಹೆಸರು ಗುಟ್ಟಾಗಿಡಬೇಕು ಅಂತ 2017ರ ಕಾಯ್ದೆಯೇ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕಾಯ್ದೆ ಕಾಗದವನ್ನು ಕಾಯುತ್ತೆ, ಬೆಂಚನ್ನು ಯಾರು ಕಾಯ್ತಾರೆ?

ಇದಕ್ಕೆ ಪರಿಹಾರ ನಮ್ಮ ಆಸ್ಪತ್ರೆಗಳಲ್ಲೇ ಇದೆ. ಬಸುರಿಯರನ್ನು ನೋಡಿ. ತಾಯಿ ಕಾರ್ಡ್ ಮಾಡಿಸಿದವರಿಗೆಲ್ಲ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡ್ತಾರೆ. ಎಲ್ಲರಿಗೂ ಮಾಡೋದರಿಂದ ಯಾರಿಗೂ ನಾಚಿಕೆ ಇಲ್ಲ. ತಾಯಿಗೆ ಮದ್ದು ಕೊಟ್ಟರೆ ಮಗುವಿಗೆ ಹೋಗೋದನ್ನು ಮೂರರಲ್ಲಿ ಎರಡು ಪಾಲು ತಪ್ಪಿಸಬಹುದು ಅಂತ 1994ರಲ್ಲಿ ಗೊತ್ತಾಯಿತು, ಈಗಿನ ಮದ್ದುಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಜ್ಞಾನ ಹಳ್ಳಿ ಹಳ್ಳಿಗೆ ಮುಟ್ಟಿದ್ದು ಅದನ್ನು ಬೇರೆ ಕೋಣೆಗೆ ತಳ್ಳದೆ ಇದ್ದುದರಿಂದ. ಗರ್ಭ ನಿಲ್ಲದ ಹಾಗೆ ಕೊಡುವ ಅಂತರ ಇಂಜೆಕ್ಷನ್ ಕೂಡ ಹಾಗೇ. ಮೂರು ತಿಂಗಳಿಗೊಮ್ಮೆ ಹೆಂಗಸರು ಹೋಗ್ತಾರೆ, ನರ್ಸಮ್ಮ ಕೊಡ್ತಾರೆ, ಬರ್ತಾರೆ. ಪಕ್ಕದಲ್ಲಿ ಮಗುವಿಗೆ ಲಸಿಕೆ ಹಾಕಿಸಲು ಬಂದವರಿಗೆ ಇವರು ಯಾಕೆ ಬಂದರು ಅಂತ ಗೊತ್ತೇ ಆಗಲ್ಲ. ಆರು ತಿಂಗಳ ಇಂಜೆಕ್ಷನ್ನೂ ಅದೇ ಕೋಣೆಯಲ್ಲಿ, ಅದೇ ನರ್ಸಮ್ಮನ ಕೈಯಲ್ಲಿ ಕೊಡಿ. ಬೋರ್ಡು ಬೇಡ. ಮೊದಲು ರಕ್ತ ಪರೀಕ್ಷೆ ಆಗಲೇಬೇಕು ನಿಜ, ಅದನ್ನೂ ಶುಗರ್ ಪರೀಕ್ಷೆಯ ಜೊತೆಗೇ ಮಾಡಿ.

"ಇಂಥದ್ದೆಲ್ಲ ಸುಲಭವಾಗಿ ಸಿಕ್ಕರೆ ಜನ ದಾರಿ ತಪ್ತಾರೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕಾಂಡೋಮ್ ಬಂದಾಗಲೂ ಇದನ್ನೇ ಹೇಳಿದ್ದರು. ದಾರಿ ತಪ್ಪೋರು ಮೆಡಿಕಲ್ ಸ್ಟೋರ್ ಕೇಳಿಕೊಂಡು ತಪ್ಪಲ್ಲ ಸ್ವಾಮಿ.

ಕೊನೆಯದಾಗಿ, ಈ ಫ್ರೆಂಡ್ ಲಿಸ್ಟ್‌ನಲ್ಲಿ ಇಲಾಖೆಯವರು, ಡಾಕ್ಟರುಗಳು ಇದ್ದೀರಿ, ನಿಮಗೊಂದು ಮಾತು. ಎಚ್‌ಐವಿ ತಗುಲಿರಬಹುದು ಅನ್ನೋ ಸಂಶಯ ಇದ್ದರೆ 72 ಗಂಟೆಯೊಳಗೆ ಪಿಇಪಿ, ಅಂದರೆ ಆಮೇಲೆ ತಗೊಂಡು ಸೋಂಕು ತಡೆಯುವ ಮಾತ್ರೆ ಶುರು ಮಾಡಬೇಕು, 28 ದಿನ ತಗೊಳ್ಳಬೇಕು. ತಡವಾದಷ್ಟೂ ಲಾಭ ಕಡಿಮೆ. ತೋಟದ ಕೆಲಸದವರಿಗೆ ಬಟವಾಡೆ ಆಗಿ ಬಿಡುವು ಸಿಗೋದು ಭಾನುವಾರ. ಗೋಣಿಕೊಪ್ಪದ ಸಂತೆಯೂ ಭಾನುವಾರವೇ. ಲೈನ್ ಮನೆಯಿಂದ ಪೇಟೆಗೆ ಬರೋದು ಅವತ್ತೊಂದೇ ದಿನ, ಅವತ್ತೇ ಪರೀಕ್ಷಾ ಕೇಂದ್ರಕ್ಕೆ ಬೀಗ. ಸೋಮವಾರ ರಜೆ ಹಾಕಿದರೆ ಕೂಲಿಯೂ ಹೋಯಿತು, ತೋಟದ ಲೆಕ್ಕ ಬರೆಯುವ ರೈಟರ್ ಯಾಕೆ ಅಂತ ಕೇಳ್ತಾರೆ, ಸುಳ್ಳೂ ಹೇಳಬೇಕು. ಭಾನುವಾರ ಮಧ್ಯಾಹ್ನದವರೆಗೆ ತೆರೆದಿಟ್ಟು ಬುಧವಾರ ಅರ್ಧ ದಿನ ಮುಚ್ಚಿ. ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಯಾರಿಗೆ ಅರ್ಜಿ ಕೊಡಬೇಕು ಅಂತ ಮೆಸೆಂಜರ್‌ನಲ್ಲಿ ತಿಳಿಸಿ, ಬರೆದುಕೊಂಡು ನಾನೇ ಮಡಿಕೇರಿಗೆ ಬರ್ತೀನಿ.