ಸಂಬಳ ಚೀಟಿಯಲ್ಲಿ ಕಾಣದ ಹತ್ತು ದಿನ

ಕಳೆದ ಡಿಸೆಂಬರಿನ ಮೊದಲ ವಾರದಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಮ್ಮ ಒಂದು ಫೋಟೋ ಹಾಕಿದ್ದರು. ಹಾಸನದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ ಪ್ರತಿಜ್ಞೆ ಸ್ವೀಕರಿಸುತ್ತಿದ್ದ ದೃಶ್ಯ. ಮುಂದೆ ಬ್ಯಾನರು, ಅದರ ಹಿಂದೆ ಶಾಲು ಹೊದ್ದ ಅತಿಥಿಗಳು, ಅವರ ಹಿಂದೆ ಬಲಗೈ ಮುಂದೆ ಚಾಚಿ ನಿಂತ ಹೆಣ್ಣುಮಕ್ಕಳು, ಮೂರನೆಯ ಸಾಲಿನಲ್ಲಿ ನನ್ನ ತಂಗಿ, ಅಂದರೆ ಚಿಕ್ಕಮ್ಮನ ಮಗಳು. ನಾನೂ ಎಲ್ಲರಂತೆ ಕೈಮುಗಿಯುವ ಚಿತ್ರವೊಂದನ್ನು ಒತ್ತಿದೆ. ಭಾನುವಾರ ಫೋನಿನಲ್ಲಿ ಕಾರ್ಯಕ್ರಮ ಹೇಗಿತ್ತೆಂದು ಕೇಳಿದಾಗ ಅವಳು, "ಚೆನ್ನಾಗೇ ಇತ್ತು ಅಣ್ಣ, ಮುಕ್ಕಾಲು ಗಂಟೆ ಹೋಯ್ತಲ್ಲ, ಅದನ್ನ ಸಂಜೆ ಕೂರಿಸ್ಕೊಂಡು ವಸೂಲಿ ಮಾಡಿದ್ರು" ಎಂದಳು. ನಗುತ್ತಲೇ ಹೇಳಿದಳು. ಆಮೇಲೆ ಹೇಳಿದ್ದರಲ್ಲಿ ನಗು ಇರಲಿಲ್ಲ.

ಅವಳ ಬ್ಯಾಚಿನಲ್ಲಿ ಹೊಲಿಯುವ ಒಬ್ಬಾಕೆ ಗಂಡನ ಹೊಡೆತ ತಾಳಲಾರದೆ ಮಕ್ಕಳೊಂದಿಗೆ ತವರಿಗೆ ಹೋಗಿ, ಅಲ್ಲಿಂದಲೇ ಕೆಲಸಕ್ಕೆ ಬರುತ್ತಿದ್ದಳು. ಪ್ರತಿಜ್ಞೆಯಾದ ಮೂರನೆಯ ದಿನ ಆತ ಗೇಟಿಗೆ ಬಂದು ನಿಂತ. ಗೇಟಿನವರು ಮೈಕಿನಲ್ಲಿ ಆಕೆಯ ಹೆಸರು, ಬ್ಯಾಚ್ ನಂಬರು ಎರಡನ್ನೂ ಕೂಗಿ, "ನಿಮ್ಮ ಯಜಮಾನರು ಬಂದಿದ್ದಾರೆ" ಎಂದು ಕರೆದರು. ಆಕೆ ಮಿಷನ್ನಿನ ಮುಂದಿನಿಂದ ಏಳಲಿಲ್ಲ. ಸೂಪರ್‌ವೈಸರ್ ಬಂದು, "ಹೋಗಮ್ಮ, ಮನೆ ವಿಷಯ ಹೊರಗೆ ಮಾತಾಡ್ಕೊಂಡು ಬಾ, ಇಲ್ಲಿ ಪೀಸ್ ನಿಂತೋಗಿದೆ" ಎಂದರಂತೆ.

ನಾನು ಮೆಲ್ಬರ್ನಿನಲ್ಲಿ ಒಂದು ಕಂಪನಿಯ ಸಂಬಳದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ವಿಭಾಗಕ್ಕೆ ಬರುವ ತರಬೇತಿಗಳಲ್ಲಿ ಬಹುಪಾಲು ನಿದ್ದೆ ಬರಿಸುವಂಥವು. ಒಂದು ಮಾತ್ರ ನನ್ನನ್ನು ಎಚ್ಚರವಾಗಿ ಕೂರಿಸಿತ್ತು. ಆಸ್ಟ್ರೇಲಿಯಾದಲ್ಲಿ 2023ರ ಫೆಬ್ರುವರಿ 1ರಿಂದ, ಸಣ್ಣ ಉದ್ಯಮಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ, ಮನೆಯೊಳಗಿನ ಹಿಂಸೆಗೆ ಸಿಕ್ಕಿದ ನೌಕರರಿಗೆ ವರ್ಷಕ್ಕೆ 10 ದಿನಗಳ ಸಂಬಳಸಹಿತ ರಜೆ ಇದೆ. ಪೂರ್ಣಾವಧಿಯವರಿಗೂ ಅಷ್ಟೇ, ವಾರಕ್ಕೆ ಎರಡು ದಿನ ಬರುವವರಿಗೂ ಅಷ್ಟೇ, ಕರೆದಾಗ ಬರುವ ಕ್ಯಾಶುಯಲ್ ಕೆಲಸಗಾರರಿಗೂ ಅಷ್ಟೇ. ತಿಂಗಳು ತಿಂಗಳು ಕೂಡಿಕೊಳ್ಳುತ್ತಾ ಬರುವ ರಜೆಯೂ ಇದಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹತ್ತೂ ದಿನ ಅವರ ಹೆಸರಿನಲ್ಲಿರುತ್ತವೆ. ಪೊಲೀಸ್ ಠಾಣೆಗೆ, ನ್ಯಾಯಾಲಯಕ್ಕೆ, ಬೇರೆ ಮನೆ ಹುಡುಕುವುದಕ್ಕೆ, ಮಕ್ಕಳ ಶಾಲೆ ಬದಲಿಸುವುದಕ್ಕೆ ಕೆಲಸದ ಹೊತ್ತೇ ಬೇಕಾಗುತ್ತದೆ ಎಂಬ ಸರಳ ತಿಳಿವಳಿಕೆಯಿಂದ ಹುಟ್ಟಿದ ಕಾನೂನು ಇದು. ನ್ಯೂಜಿಲೆಂಡ್ ಇದನ್ನು 2019ರಲ್ಲಿಯೇ ತಂದಿತ್ತು. ಫಿಲಿಪ್ಪೀನ್ಸ್ ಹತ್ತು ದಿನಗಳ ಇಂಥ ರಜೆಯನ್ನು 2004ರ ಕಾನೂನಿನಲ್ಲಿಯೇ ಬರೆದುಕೊಂಡಿದೆಯೆಂಬುದನ್ನು, ಇದೆಲ್ಲ ಶ್ರೀಮಂತ ದೇಶಗಳ ಶೋಕಿ ಎನ್ನುವವರಿಗೆ ನೆನಪಿಸಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಜೆಗಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ವಿಧಾನ. ಈ ರಜೆಯ ಹೆಸರನ್ನು ಸಂಬಳ ಚೀಟಿಯಲ್ಲಿ ಬರೆಯಕೂಡದು. ಎಷ್ಟು ದಿನ ತೆಗೆದುಕೊಂಡಿದ್ದಾರೆ, ಎಷ್ಟು ಉಳಿದಿದೆ ಎಂಬುದೂ ಅಲ್ಲಿ ಕಾಣಕೂಡದು. ಆ ದಿನಗಳನ್ನು ಮಾಮೂಲಿ ಕೆಲಸದ ಗಂಟೆಗಳೆಂದೇ ತೋರಿಸಬಹುದು. ನೌಕರಳೇ ಕೇಳಿದರೆ ಬೇರೆ ರಜೆಯ ಹೆಸರಿನಲ್ಲಿ ನಮೂದಿಸಬಹುದು. ಕಾರಣ ಇಷ್ಟೇ: ಹೆಂಡತಿಯ ಸಂಬಳ ಚೀಟಿಯನ್ನು ಮೊದಲು ತೆರೆದು ನೋಡುವವನು ಹೊಡೆಯುವ ಗಂಡನೇ ಆಗಿರಬಹುದು. ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸಕ್ಕೂ ವಿವರಣೆ ಕೇಳುವ ದೇಶ, ಹೆಣ್ಣಿನ ಜೀವ ಉಳಿಯಲೆಂದು ಅದೇ ಲೆಕ್ಕದ ಕಾಗದಕ್ಕೆ ಸುಮ್ಮನಿರಲು ಕಲಿಸಿದೆ. ಇದರ ಜೊತೆಗೆ ನಮ್ಮ ಕಂಪನಿಯೇ ಮಾಡಿಕೊಂಡಿರುವ ಕೆಲವು ಕಟ್ಟಳೆಗಳಿವೆ. ಯಾರಾದರೂ ಫೋನ್ ಮಾಡಿ ಇಂಥವರು ಇವತ್ತು ಕೆಲಸಕ್ಕೆ ಬಂದಿದ್ದಾರೆಯೇ ಎಂದು ಕೇಳಿದರೆ, ಕೇಳಿದವರು ಗಂಡನೇ ಆಗಿರಲಿ ಅತ್ತೆಯೇ ಆಗಿರಲಿ, ಹೌದೆಂದೂ ಹೇಳುವಂತಿಲ್ಲ, ಇಲ್ಲವೆಂದೂ ಹೇಳುವಂತಿಲ್ಲ. ಸಂಬಳವನ್ನು ಎರಡು ಖಾತೆಗೆ ಹಂಚಿ ಹಾಕಿ ಎಂದು ಯಾರಾದರೂ ಬರೆದುಕೊಟ್ಟರೆ ಏಕೆಂದು ಕೇಳುವಂತಿಲ್ಲ.

ಹಾಸನದಲ್ಲಿ ರಜೆ ಬೇಕೆಂದರೆ ಕಾರಣ ಬರೆಯಬೇಕು. ಆ ಚೀಟಿ ಮೊದಲು ಬ್ಯಾಚಿನ ಸೂಪರ್‌ವೈಸರ್ ಕೈಗೆ ಹೋಗುತ್ತದೆ, ಅಲ್ಲಿಂದ ಮೇಲಿನವರಿಗೆ, ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಬ್ಯಾಚಿಗೆ. ಆದ್ದರಿಂದಲೇ ನಮ್ಮ ಹೆಣ್ಣುಮಕ್ಕಳ ರಜೆ ಚೀಟಿಗಳಲ್ಲಿ ತಲೆನೋವು, ಜ್ವರ, ದೂರದ ಸಂಬಂಧಿಕರ ತಿಥಿ ಇವಷ್ಟೇ ಇರುತ್ತವೆ. ಒಂದು ದಿನ ತಪ್ಪಿದರೆ ಆ ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಿ ಭತ್ಯೆಯೂ ಹೋಗುತ್ತದೆಂದು ತಂಗಿ ಹೇಳಿದಳು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ಹೆಣ್ಣು ಮಾಡುವ ಮೊದಲ ಲೆಕ್ಕ ಇದು. ಗಂಡನ ಭಯ, ಊರವರ ಭಯ ಆಮೇಲಿನವು.

ನಮ್ಮಲ್ಲಿ ಕಾನೂನಿಲ್ಲ ಎನ್ನುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 18ನೆಯ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶದಲ್ಲಿ, ಆತ ಆಕೆಯ ಕೆಲಸದ ಸ್ಥಳಕ್ಕೆ ಕಾಲಿಡಕೂಡದೆಂದು ಹೇಳಬಹುದು. ನೊಂದಿರುವುದು ಮಗುವಾದರೆ ಅದರ ಶಾಲೆಗೆ ಹೋಗಕೂಡದೆಂದು ಹೇಳಬಹುದು. 20ನೆಯ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಜೀವನಾಂಶದ ಆದೇಶವಾದ ಮೇಲೂ ಗಂಡ ಹಣ ಕೊಡದಿದ್ದರೆ, ಆತನಿಗೆ ಕೆಲಸ ಕೊಟ್ಟವರೇ ಆತನ ಸಂಬಳದ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಸಂಬಳದ ಲೆಕ್ಕ ಬರೆಯುವವನಾಗಿ ನಾನು ಈ ಸೆಕ್ಷನ್ನನ್ನು ಮೆಚ್ಚಿಕೊಂಡು ಓದಿದ್ದೇನೆ. ಇಷ್ಟು ದೂರ ಯೋಚಿಸಿ ಬರೆದ ಕಾಯಿದೆಯ ವಿಚಾರ ಗೇಟಿನಲ್ಲಿ ಮೈಕು ಹಿಡಿದು ಕೂತವನಿಗೆ ಯಾರೂ ಹೇಳಿಲ್ಲ. ಹೇಳುವುದಕ್ಕೆ ಮುಕ್ಕಾಲು ಗಂಟೆಯೂ ಬೇಡ.

ಕಾರ್ಖಾನೆಯ ಗೋಡೆಯ ಮೇಲೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಸದಸ್ಯರ ಹೆಸರುಗಳಿವೆ ಎಂದು ತಂಗಿ ಹೇಳಿದಳು, ಅದು ಒಳ್ಳೆಯದೇ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ದಾಟಿ 2013ರಲ್ಲಿ ಬಂದ ಲೈಂಗಿಕ ಕಿರುಕುಳ ತಡೆ ಕಾಯಿದೆ ಹತ್ತು ಮತ್ತು ಹೆಚ್ಚು ಜನರಿರುವ ಎಲ್ಲ ಕಡೆಯೂ ಈ ಸಮಿತಿಯನ್ನು ಕಡ್ಡಾಯ ಮಾಡಿದೆ. ಅದಕ್ಕಿಂತ ಕಡಿಮೆ ಇರುವಲ್ಲಿ, ಮನೆಗೆಲಸದವರಿಗೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಮನೆಯೂ ಒಬ್ಬರ ಕೆಲಸದ ಸ್ಥಳ ಎಂಬುದನ್ನು ಮನೆಗೆಲಸದವಳ ಮೇಲಿನ ದೌರ್ಜನ್ಯದ ದೂರು ಬಯಲಾದ 2024ರ ಬೇಸಿಗೆಯ ನಂತರ ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಸಮಿತಿಯ ಕಣ್ಣು ಕೆಲಸದ ಸ್ಥಳದಲ್ಲಿ ನಡೆದದ್ದರ ಮೇಲಷ್ಟೇ. ರಾತ್ರಿ ಮನೆಯಲ್ಲಿ ತಿರುಚಿದ ಮಣಿಕಟ್ಟಿನಿಂದಲೇ ಬೆಳಿಗ್ಗೆ ಕಾಲರ್ ಹೊಲಿಯಬೇಕಾದವಳ ವಿಷಯ ಅದರ ಕಡತಕ್ಕೆ ಬರುವುದಿಲ್ಲ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಮ್ಮ ತಂದೆ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಶನಿವಾರ ಸಂಜೆ ಬಟವಾಡೆ. ಹಾಜರಿ ಪುಸ್ತಕವಾದ ಚೆಕ್‌ರೋಲ್ ತೆರೆದು ಒಬ್ಬೊಬ್ಬರನ್ನೇ ಕರೆದು ಹಾಜರಿ ಓದಿ ಹಣ ಎಣಿಸಿ ಕೊಡುವಾಗ ಕೆಲವು ಗಂಡಸರು ಹೆಂಡತಿಯ ಹೆಸರು ಬಂದ ಕೂಡಲೇ ತಾವೇ ಮುಂದೆ ಬಂದು ಕೈ ಚಾಚುತ್ತಿದ್ದರು. "ಹಾಜರಿ ಅವಳ್ದು, ಕೈಯೂ ಅವಳ್ದೇ ಬರ್ಲಿ" ಎಂದು ತಂದೆ ದುಡ್ಡನ್ನು ಮೇಜಿನ ಮೇಲೆಯೇ ಇಟ್ಟುಕೊಂಡು ಕೂರುತ್ತಿದ್ದರು. ಹೆಂಗಸು ಬಂದು ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳುವ ತನಕ ಮುಂದಿನ ಹೆಸರು ಓದುತ್ತಿರಲಿಲ್ಲ. ಹೊರಗೆ ಹೋದ ಮೇಲೆ ಆ ದುಡ್ಡು ಯಾರ ಜೇಬಿಗೆ ಹೋಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು, ಸಾರಾಯಿ ನಿಂತದ್ದು 2007ರಲ್ಲಿ. ತಂದೆಯವರೂ ಆ ಮೇಜಿನಿಂದಾಚೆಗೆ ಹೋದವರಲ್ಲ. ಕಣ್ಣಿನ ಸುತ್ತ ಕಪ್ಪಾಗಿ ಬಂದವಳು "ಮೆಟ್ಲು ಜಾರಿ ಬಿದ್ದೆ ಅಯ್ಯ" ಎಂದರೆ ಹೂಂ ಎಂದು ಬರೆದುಕೊಳ್ಳುತ್ತಿದ್ದರು. ಕೂಲಿಯವರಿದ್ದ ನಮ್ಮ ತೋಟದ ಲೈನ್ ಮನೆಗಳಿಗೆ ಮೆಟ್ಟಿಲೇ ಇರಲಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ತೋಟಗಳದ್ದೇ ಚಿಂತೆ. ಈಗ ಲೈನ್ ಮನೆಗಳಲ್ಲಿ ಇರುವವರು ಬಹುಮಟ್ಟಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳು. ಇಂಥ ಪ್ರತಿಜ್ಞೆಗಳು ನಡೆಯುವ, ಹೆಂಗಸರ ಮೇಲಿನ ಹಿಂಸೆಯ ವಿರುದ್ಧದ ಜಾಗತಿಕ ಅಭಿಯಾನದ ಹದಿನಾರು ದಿನಗಳು, ನವೆಂಬರ್ 25ರಿಂದ ಡಿಸೆಂಬರ್ 10ರ ತನಕ, ಸರಿಯಾಗಿ ಅರೇಬಿಕಾ ಕೊಯ್ಲಿನ ಕಾಲಕ್ಕೇ ಬೀಳುತ್ತವೆ; ತೋಟದಲ್ಲಿ ಹೆಂಗಸರೂ ಮಕ್ಕಳೂ ಅತಿ ಹೆಚ್ಚು ಇರುವ ಕಾಲ ಅದೇ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು 1951ರಲ್ಲೇ ತೋಟ ಕಾರ್ಮಿಕರ ಕಾಯಿದೆ ಬರೆದಿತ್ತು. ಸಣ್ಣ ತೋಟಗಳಲ್ಲಿ ಅದೂ ಇಲ್ಲ. ತಾಯಿ ಹಣ್ಣು ಬಿಡಿಸುವಾಗ ಐದು ವರ್ಷದ ಹುಡುಗಿ ಬಾಗಿಲಿಗೆ ಚಿಲಕವಿಲ್ಲದ ಲೈನಿನಲ್ಲಿ ಒಂಟಿಯಾಗಿರುತ್ತಾಳೆ. 2012ರ ಪೋಕ್ಸೊ ಕಾಯಿದೆಯಡಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದ ತನಕ ಸೆರೆವಾಸ ಉಂಟು. ಬೆಳೆಗಾರರ ಸಭೆಗಳಲ್ಲಿ ಆನೆ ಹಾವಳಿ, ಕೂಲಿ ದರ, ಕಾಫಿ ಬೆಲೆ ಮೂರೂ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಮೇಸ್ತ್ರಿಗಳಿಗೆ ಇದನ್ನು ತಿಳಿಸಲು ಒಂದು ನಿರ್ಣಯ ಮಾಡಬಹುದು, ಹಣ್ಣು ತೂಗುವ ಜಾಗದಲ್ಲಿ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಆ ಕೂಲಿಯವರು ಓದಬಲ್ಲ ಭಾಷೆಯಲ್ಲಿ ಬರೆಸಬಹುದು. ಮೆಲ್ಬರ್ನಿನಲ್ಲಿ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಅ ಆ ಇ ಈ ಹೇಳಿಕೊಡಬೇಕಾದರೂ ಮಕ್ಕಳೊಂದಿಗೆ ಕೆಲಸ ಮಾಡಲು ಅರ್ಹರೆಂಬ ಸರ್ಕಾರಿ ತಪಾಸಣೆಯ ಕಾರ್ಡು ಬೇಕು. "ನಮ್ಮ ಮಕ್ಕಳಿಗೆ ನಾವೇ ಪಾಠ ಹೇಳೋಕೆ ಪೊಲೀಸ್ ತಪಾಸಣೆಯೇ?" ಎಂದು ಗೊಣಗಿದವರು ನಮ್ಮಲ್ಲಿ ಬಹಳ ಜನ. ಆದರೂ ಎಲ್ಲರೂ ಮಾಡಿಸಿಕೊಂಡರು.

ಇಷ್ಟು ಹೊಗಳಿದ ದೇಶದ ಬಗ್ಗೆ ಮಿಕ್ಕದ್ದನ್ನೂ ಹೇಳಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ಹತ್ತು ದಿನಗಳ ರಜೆ ಬಂದ ಮರುವರ್ಷ, 2024ರ ಏಪ್ರಿಲ್ ಕೊನೆಯಲ್ಲಿ, ಹೆಂಗಸರ ಕೊಲೆಗಳು ಒಂದರ ಹಿಂದೊಂದು ನಡೆದದ್ದಕ್ಕೆ ಆಸ್ಟ್ರೇಲಿಯಾದ ಊರೂರುಗಳಲ್ಲಿ ಸಾವಿರಾರು ಜನ ಬೀದಿಗಿಳಿದಿದ್ದರು. ಇಲ್ಲಿಯೂ ಬ್ಯಾನರು, ರಿಬ್ಬನ್ನು, ಚಹಾಕೂಟಗಳಿಗೆ ಕೊರತೆಯಿಲ್ಲ. 1989ರಲ್ಲಿ ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 14 ಹೆಂಗಸರ ಹತ್ಯೆಯಾದ ನಂತರ ಕೆನಡಾದ ಗಂಡಸರು 1991ರಲ್ಲಿ ಕಟ್ಟಿದ ಬಿಳಿ ರಿಬ್ಬನ್ ಅಭಿಯಾನ ಇಲ್ಲಿಗೂ ಬಂದು, ಕಂಪನಿಗಳಿಗೆ ಮಾನ್ಯತೆಯ ಪತ್ರ ಕೊಡುವಷ್ಟು ಬೆಳೆದು, ಅದನ್ನು ನಡೆಸುತ್ತಿದ್ದ ಸಂಸ್ಥೆ 2019ರಲ್ಲಿ ಹಣವಿಲ್ಲದೆ ಬಾಗಿಲು ಮುಚ್ಚಿ, ಆಮೇಲೆ ಬೇರೆಯವರ ಆಶ್ರಯದಲ್ಲಿ ಮತ್ತೆ ತೆರೆಯಬೇಕಾಯಿತು.

ನಮ್ಮವರ ಕಥೆ ಇನ್ನೂ ಬೇರೆ. ಗಂಡನ ವೀಸಾದ ಮೇಲೆ ಬಂದು ಇಲ್ಲಿ ಕೆಲಸ ಹಿಡಿದ ಕನ್ನಡದ ಹೆಣ್ಣುಮಗಳೊಬ್ಬಳಿಗೆ ಈ ರಜೆಯ ವಿಚಾರ ನನ್ನ ಹೆಂಡತಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಊರಿಗೆ ಗೊತ್ತಾಗುತ್ತಾ ಅಕ್ಕ?" ಸಂಬಳ ಚೀಟಿಯಲ್ಲಿ ಬರುವುದಿಲ್ಲವೆಂದು ಎಷ್ಟು ಹೇಳಿದರೂ ರಜೆ ತೆಗೆದುಕೊಳ್ಳಲಿಲ್ಲ. ಆಕೆಯ ಪಕ್ಕದ ಮನೆಯಲ್ಲಿ ಯಾರಿದ್ದಾರೆಂಬುದು ಆಕೆಗೂ ಗೊತ್ತಿಲ್ಲ, ಗೋಡೆಯಾಚೆಯಿಂದ ಬರುವ ಸದ್ದು ಯಾರದ್ದೆಂದು ಆ ಮನೆಯವರಿಗೂ ಗೊತ್ತಿಲ್ಲ.

ಹಾಸನದ ಆ ಹೊಲಿಗೆಯವಳ ವಿಷಯದಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಕಂಪನಿ ಬಸ್ಸಿನ ಹೆಂಗಸರೆಲ್ಲ ಸೇರಿ, ಆಕೆ ಯಾವ ಸ್ಟಾಪಿನಲ್ಲಿ ಇಳಿಯುತ್ತಾಳೆಂದು ಯಾರು ಕೇಳಿದರೂ ಹೇಳಬಾರದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ. ಇಬ್ಬರು ದಿನವೂ ಆಕೆಯ ಜೊತೆಗೇ ಇಳಿದು ತವರು ಮನೆಯ ಬೀದಿಯ ತನಕ ಬಿಟ್ಟು ಹೋಗುತ್ತಾರೆ. ಒಂದು ಶನಿವಾರ ಅವಳನ್ನು, ನೊಂದ ಹೆಂಗಸರಿಗೆ ನೆರವು ಕೊಡುವ ಸರ್ಕಾರದ ಸಖಿ ಕೇಂದ್ರಕ್ಕೆ ಕರೆದುಕೊಂಡು ಹೋದವರೂ ಇವರೇ, ತಮ್ಮ ಹಾಜರಿ ಭತ್ಯೆ ಕಳೆದುಕೊಂಡು. ಹತ್ತು ದಿನ ರಜೆಯ ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲವೆಂದು ನಾನು ಒಪ್ಪಲೇಬೇಕು. ಬಸ್ಸಿನ ಡ್ರೈವರ್ ಕೂಡ ಮಾಮೂಲಿ ಸ್ಟಾಪಿನಲ್ಲಿ ಗಂಡ ನಿಂತಿರುವುದು ಕಂಡರೆ ಗಾಡಿ ನಿಲ್ಲಿಸದೆ ಮುಂದೆ ಹೋಗಿ ತಿರುವಿನಲ್ಲಿ ಇಳಿಸುತ್ತಾನಂತೆ. ಪಟ್ಟಿಯಲ್ಲಿಲ್ಲದ ಕಡೆ ನಿಲ್ಲಿಸಿದ್ದು ತಿಳಿದರೆ ಅವನಿಗೆ ದಂಡ. ಆ ದಂಡವನ್ನು ತೆಗೆದುಹಾಕುವುದಕ್ಕೆ ಹೊಸ ಕಾನೂನು ಬೇಡ, ದಿಲ್ಲಿಯ ಅಪ್ಪಣೆಯೂ ಬೇಡ, ಸಾರಿಗೆ ನೋಡಿಕೊಳ್ಳುವ ಅಧಿಕಾರಿಯ ಒಂದು ಸಹಿ ಸಾಕು.